ಅಮ್ಮನ ವಸೂಲಿ

ಸಾಲದ ಕೊನೆಯ ಕಂತು ಕಟ್ಟಿ ಬಂದ ದಿನ ಟೈಲರ್ ಮನೆಯ ಮುಂಬಾಗಿಲನ್ನು ಹಾರುಹೊಡೆದು, ಅದು ಮುಚ್ಚಿಕೊಳ್ಳದ ಹಾಗೆ ಒಂದು ಇಟ್ಟಿಗೆ ಒತ್ತುಕೊಟ್ಟು, ಫ್ಯಾನು ಜೋರು ಮಾಡಿ, ನಡುಮನೆಯಲ್ಲಿ ಕೈಕಾಲು ಚೆಲ್ಲಿಕೊಂಡು ಮಲಗಿಬಿಟ್ಟ. ಬೀದಿಯಲ್ಲಿ ಹೋಗುವವರೆಲ್ಲ ಇಣುಕಿ ನೋಡಿದರು. ನೋಡಲಿ ಬಿಡಿ. ಎಷ್ಟೋ ವರ್ಷಗಳಿಂದ ಆ ಬಾಗಿಲು ಯಾರಿಗೂ ಸಲೀಸಾಗಿ ತೆರೆದುಕೊಂಡಿರಲಿಲ್ಲ.

ಹಿಂದೊಮ್ಮೆ ಅವನಿಗೆ ಸಿದ್ಧ ಉಡುಪಿನ ಅಂಗಡಿ ಇಡುವ ಹುಚ್ಚು ಹತ್ತಿತ್ತು. ಸಾಲ ಮಾಡಿ ಅಂಗಡಿ ಇಟ್ಟ. ಅಂಗಡಿ ಮುಳುಗಿತು, ಸಾಲ ಮಾತ್ರ ತೇಲಿಕೊಂಡೇ ಇತ್ತು. ಆಮೇಲೆ ತಿಂಗಳ ಮೊದಲ ಭಾನುವಾರ ಬಂತೆಂದರೆ ವಸೂಲಿಯವನು ಬಂದು ಛತ್ರಿಯ ಹಿಡಿಯಿಂದ ಬಾಗಿಲು ಕುಟ್ಟುತ್ತಿದ್ದ. ಕೈ ಖಾಲಿಯಿದ್ದ ತಿಂಗಳುಗಳಲ್ಲಿ ಆ ಸದ್ದು ಕೇಳಿದ್ದೇ ತಡ, ಒಳಗೊಂದು ಕವಾಯತು ಶುರುವಾಗುತ್ತಿತ್ತು. ಟೈಲರ್ ದೀಪ ಆರಿಸುತ್ತಿದ್ದ. ಹೆಂಡತಿ ಫ್ಯಾನು ನಿಲ್ಲಿಸುತ್ತಿದ್ದಳು. ಅಮ್ಮ ಎಲ್ಲಿ ಕೆಮ್ಮು ಬಂದೀತೋ ಎಂದು ಬಾಯಿಗೆ ಟವೆಲ್ ಒತ್ತಿಕೊಳ್ಳುತ್ತಿದ್ದಳು. ಮೂವರೂ ಗೋಡೆಗೆ ಬೆನ್ನು ಕೊಟ್ಟು, ತುಟಿ ಪಿಟಕ್ಕೆನ್ನದೆ, ಒಬ್ಬರ ಮುಖ ಒಬ್ಬರು ನೋಡದೆ ನೆಲದ ಮೇಲೆ ಕೂತಿರುತ್ತಿದ್ದರು. ಹೊರಗಿನವನು ಬೈದು ಬೈದು ಸುಸ್ತಾಗಿ ಹೋಗುತ್ತಿದ್ದ. ಮಾರನೆಯ ವಾರ ಹೇಗೋ ಹೊಂದಿಸಿ ದಂಡದ ಸಮೇತ ಕಟ್ಟಿ ಬರುತ್ತಿದ್ದರು.

ಹೊಟ್ಟೆಬಟ್ಟೆ ಕಟ್ಟಿ ಬದುಕುವುದು ಎನ್ನುತ್ತಾರಲ್ಲ, ಆ ಮನೆಯಲ್ಲಿ ಅದು ಬರೀ ಮಾತಾಗಿರಲಿಲ್ಲ. ಅಂಗಿಯ ಕಾಲರ್ ಸವೆದರೆ ಟೈಲರ್ ಅದನ್ನು ಬಿಚ್ಚಿ ಮಗುಚಿ ಹೊಲಿಯುತ್ತಿದ್ದ. ಕಿಟಕಿಯ ಪರದೆ, ದಿಂಬಿನ ಚೀಲ, ಅಮ್ಮನ ಕೈಚೀಲ ಎಲ್ಲವೂ ಕತ್ತರಿಸಿ ಉಳಿದ ತುಂಡುಬಟ್ಟೆಯವು. ಹೆಂಡತಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಲ್ಲಿಂದ ಬರುವಾಗ ಬಸ್ಸಿನ ಕಾಸು ಉಳಿಸಲು ನಡೆದೇ ಬರುತ್ತಿದ್ದಳು, ಕೇಳಿದವರಿಗೆ ಡಾಕ್ಟರು ನಡೆಯಲು ಹೇಳಿದ್ದಾರೆ ಎನ್ನುತ್ತಿದ್ದಳು.

ಇಷ್ಟೆಲ್ಲ ಪಳಗಿದವರ ಕೈಯಲ್ಲಿ ಸಾಲ ತೀರಿದ ಮೇಲೆ ನಾಲ್ಕು ಕಾಸು ನಿಲ್ಲಬೇಕು ತಾನೆ? ನಿಲ್ಲಲಿಲ್ಲ. ಒಂದು ತಿಂಗಳು ಗೋಡೆಗೆ ಆಳೆತ್ತರದ ಕನ್ನಡಿ ಬಂತು. ಇನ್ನೊಂದು ತಿಂಗಳು ಗಾಜಿನ ಲೋಟಗಳು ಬಂದವು. ಅವು ಒಡೆದ ಮೇಲೆ ಮತ್ತಷ್ಟು ಲೋಟಗಳು ಬಂದವು. ಬಡಪಾಯಿ ಇಷ್ಟು ದಿನ ಆಸೆಗಳನ್ನು ಅದುಮಿಟ್ಟುಕೊಂಡಿದ್ದನಲ್ಲ, ಅವೆಲ್ಲ ಒಟ್ಟಿಗೇ ಎದ್ದು ಕೂತಿದ್ದವು.

ಆದರೆ ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ: ಶಾಲೆಯ ಎದುರು ಮೆಟ್ಟಿಲ ಕೆಳಗಿದ್ದ ಪುಟ್ಟ ಮಳಿಗೆ. ಅದರ ಯಜಮಾನರು ವಾಚ್ ರಿಪೇರಿ ಮಾಡುವ ಮುದುಕರು. ಕಣ್ಣು ಮಂಜಾಗಿದೆ, ಇನ್ನೊಂದು ವರ್ಷ ನೋಡಿ ಮಳಿಗೆಯನ್ನು ಬಾಡಿಗೆಗೆ ಕೊಡುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಿದ್ದರು. ಅದು ಸಿಕ್ಕರೆ ಶಾಲೆಯ ಮಕ್ಕಳ ಸಮವಸ್ತ್ರವೊಂದೇ ಸಾಕು, ಕೈತುಂಬ ಕೆಲಸ. ಬೇರೆಯವರ ಅಂಗಡಿಯಲ್ಲಿ ಬೇರೆಯವರ ಮೆಷಿನ್ ತುಳಿದು, ಒಂದು ಗುಂಡಿ ಓರೆಯಾದರೂ ಬೈಸಿಕೊಳ್ಳುವ ಪಾಡು ತಪ್ಪುತ್ತಿತ್ತು. ಮುಂಗಡದ ಹಣ ಮಾತ್ರ ಬೇಕು, ಮತ್ತು ಈ ಸಲ ಸಾಲ ಮಾಡುವುದಿಲ್ಲ ಎಂದು ಅವನು ಅಮ್ಮನ ತಲೆ ಮುಟ್ಟಿ ಹೇಳಿದ್ದ.

"ಸಾಲ ಇದ್ದಾಗ ತಿಂಗಳಾ ತಿಂಗಳಾ ಕಟ್ತಾನೇ ಇದ್ವಲ್ಲ ರೀ," ಎಂದಳು ಹೆಂಡತಿ. "ಅಷ್ಟೇ ದುಡ್ಡು ಈಗ್ಯಾಕೆ ಉಳಿಯಲ್ಲ?"

"ಆಗ ಕೇಳೋಕೆ ಒಬ್ಬ ಬರ್ತಿದ್ದ. ಈಗ ಯಾರು ಬರ್ತಾರೆ?"

ಮೂಲೆಯಲ್ಲಿ ಕಾಜ ಹಾಕುತ್ತ ಕೂತಿದ್ದ ಅಮ್ಮ ಹಲ್ಲಿನಲ್ಲಿ ದಾರ ಕಡಿದು ಹೇಳಿದಳು. "ನಾನು ಬರ್ತೀನಿ."

ಅವಳು ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡವರು ಅವಳನ್ನು ಬಲ್ಲವರಲ್ಲ. ಮೊದಲ ಭಾನುವಾರ ಸಂಜೆ ಅಮ್ಮ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಕೈಚೀಲ ಹೆಗಲಿಗೇರಿಸಿ, ಛತ್ರಿ ಹಿಡಿದು ಹಿಂಬಾಗಿಲಿನಿಂದ ಹೊರಟಳು. ಓಣಿ ಸುತ್ತಿಕೊಂಡು ಮುಂದೆ ಬಂದು ಛತ್ರಿಯ ಹಿಡಿಯಿಂದ ಬಾಗಿಲು ಕುಟ್ಟಿದಳು. ಏನಾಯಿತೆಂದು ಕೇಳಬೇಡಿ. ಗಂಡನ ಕೈ ತಾನಾಗಿ ದೀಪ ಆರಿಸಿತು, ಹೆಂಡತಿಯ ಕೈ ಫ್ಯಾನು ನಿಲ್ಲಿಸಿತು. ಇಬ್ಬರೂ ನೆಲದ ಮೇಲೆ ಕೂತಿದ್ದರು.

"ಒಳಗಿದ್ದೀರ ಅಂತ ಗೊತ್ತು ಟೈಲರೇ," ಎಂದಿತು ಹೊರಗಿನ ದನಿ. "ಈಗಷ್ಟೇ ನಿಮ್ಮನೇಲಿ ಟೀ ಕುಡಿದು ಬಂದಿದ್ದೀನಿ."

ಒಳಗಿನವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬಾಗಿಲು ತೆಗೆದರು. ಅಮ್ಮ ನಗಲಿಲ್ಲ. ವಸೂಲಿಯ ಹೊತ್ತಿನಲ್ಲಿ ಅವಳು ಮಗನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು, ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು, ನೀರು ಕೇಳಿ ಕುಡಿಯುತ್ತಿದ್ದಳು, ಹಣ ಎಣಿಸಿ ಚೀಲಕ್ಕೆ ಹಾಕಿಕೊಂಡು "ಬರ್ತೀನಿ" ಎಂದು ಎದ್ದು ಮತ್ತೆ ಓಣಿ ಸುತ್ತಿ ಹಿಂಬಾಗಿಲಿನಿಂದ ಒಳಗೆ ಬರುತ್ತಿದ್ದಳು. ಬಂದವಳೇ "ಯಾರೋ ಬಂದಿದ್ರಾ?" ಎಂದು ಸೊಸೆಯನ್ನು ಕೇಳುತ್ತಿದ್ದಳು. ರಾತ್ರಿ ಚೀಲ ಅವಳ ದಿಂಬಿನ ಕೆಳಗೆ. ಒಳಗೆ ಎಷ್ಟಾಗಿದೆ ಎಂದು ಕೇಳಿದರೆ, "ಕಂತು ಕಟ್ಟೋರಿಗೆ ಅದೆಲ್ಲ ಯಾಕೆ?" ಎನ್ನುತ್ತಿದ್ದಳು.

ಹೀಗೆ ಚೆನ್ನಾಗಿಯೇ ನಡೆದಿತ್ತು. ಒಂದು ತಿಂಗಳು ಟೈಲರ್‌ನ ಕಣ್ಣಿಗೆ ಒಂದು ರೇಡಿಯೋ ಬಿತ್ತು. ಕಂತು ಕಡಿಮೆ ಬಿತ್ತು. ಅಮ್ಮ ವಾದ ಮಾಡಲಿಲ್ಲ. ಹೊರಗೆ ಹೋಗಿ ಬಾಗಿಲ ಮುಂದಿನ ಕಲ್ಲಿನ ಮೇಲೆ, ಛತ್ರಿ ಬಿಚ್ಚಿಕೊಂಡು, ಕೂತುಬಿಟ್ಟಳು. ಸೊಸೆ ಊಟವನ್ನು ಅಲ್ಲಿಗೇ ತಂದುಕೊಟ್ಟಳು. ದಾರಿಹೋಕರು ಏನಜ್ಜಿ ಎಂದು ಕೇಳಿದರೆ, "ಈ ಮನೆಯವರು ಕಂತು ಬಾಕಿ ಉಳಿಸ್ಕೊಂಡಿದ್ದಾರೆ. ಕೊಡೋವರೆಗೂ ಏಳಲ್ಲ," ಎಂದಳು. ಟೈಲರ್ ಮಾರನೆಯ ದಿನವೇ ರೇಡಿಯೋ ವಾಪಸು ಕೊಟ್ಟು ಬಾಕಿ ತೀರಿಸಿದ. ಆದರೆ ಸುದ್ದಿಯನ್ನು ವಾಪಸು ಕೊಡುವ ಅಂಗಡಿ ಎಲ್ಲಿದೆ? ಅದು ಕೈಕಾಲು ಮೂಡಿಸಿಕೊಂಡು ಶಾಲೆಯ ಬೀದಿಯವರೆಗೂ ಹೋಯಿತು.

"ನಿನ್ನ ಮನೆ ಮುಂದೆ ವಸೂಲಿಯವರು ಧರಣಿ ಕೂತಿದ್ರಂತೆ," ಎಂದರು ವಾಚಿನ ಯಜಮಾನರು, ಕಣ್ಣಿನ ಭೂತಗಾಜು ತೆಗೆಯದೆ. ಮಳಿಗೆ ಕೇಳಿಕೊಂಡು ಹೋಗಿದ್ದ ಟೈಲರ್ ತಬ್ಬಿಬ್ಬಾದ.

"ಅವರು ವಸೂಲಿಯವರಲ್ಲ ಯಜಮಾನ್ರೇ. ನಮ್ಮಮ್ಮ."

ಯಜಮಾನರು ಈಗ ಭೂತಗಾಜು ತೆಗೆದರು. "ಹೆತ್ತ ತಾಯಿ ಹತ್ರಾನೂ ಸಾಲ ಮಾಡಿದ್ದೀಯಾ?"

ಚಪ್ಪಲಿ ಅಂಗಡಿಯವನೊಬ್ಬ ಮುಂಗಡ ಹಿಡಿದುಕೊಂಡು ಬಂದಿದ್ದಾನೆ, ಈ ವಾರದಲ್ಲಿ ತೀರ್ಮಾನ ಹೇಳುತ್ತೇನೆ ಎಂದು ಅವರು ಮಾತು ಮುಗಿಸಿದರು. ಟೈಲರ್ ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಮಾರನೆಯ ದಿನ ಲಾಂಡ್ರಿಗೆ ಹೋಗುವ ದಾರಿಯಲ್ಲಿ ಮಳಿಗೆಯ ಮುಂದೆ ನಿಂತು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮುದುಕರು ನಂಬಲಿಲ್ಲ. "ಬೇಕಾದ್ರೆ ಮನೆಗೆ ಬಂದು ನೋಡಿ," ಎಂದು ರೇಗಿ ಬಂದಳು. ಹಾಗೆ ಹೇಳಿದರೆ ಯಾರಾದರೂ ನಿಜವಾಗಿ ಬರುತ್ತಾರೆಯೇ?

ಅಮ್ಮನಿಗೆ ಇದ್ಯಾವುದನ್ನೂ ಅವರು ಹೇಳಲಿಲ್ಲ. ತನ್ನ ಧರಣಿಯಿಂದಲೇ ಮಳಿಗೆ ಕೈತಪ್ಪಿತು ಎಂದು ತಿಳಿದರೆ ಅವಳು ಕುಸಿದುಹೋಗುತ್ತಿದ್ದಳು. ಮತ್ತೆ ತಿಂಗಳ ಮೊದಲ ಭಾನುವಾರ ಬಂತು. ಟೈಲರ್ ಕಂತಿನ ಹಣವನ್ನು ಮೇಜಿನ ಮೇಲೆ ಗಾಜಿನ ಲೋಟದ ಕೆಳಗಿಟ್ಟು ಕಾದ. ಅಮ್ಮ ಹಿಂಬಾಗಿಲಿನಿಂದ ಹೊರಟವಳು ಓಣಿಯಲ್ಲಿ ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತಿದ್ದಳೋ ಏನೋ, ಹೊತ್ತಾಯಿತು.

ಆಗ ಯಾರೋ ಬಾಗಿಲು ಬಡಿದರು. ಛತ್ರಿಯ ಸದ್ದಲ್ಲ, ಮುಷ್ಟಿಯ ಸದ್ದು. ಗಂಡಸಿನ ಕೆಮ್ಮು.

ತಲೆ ಯೋಚಿಸುವ ಮುಂಚೆ ಕೈ ಹೋಗಿತ್ತು. ದೀಪ ಆರಿತು, ಫ್ಯಾನು ನಿಂತಿತು. ಗಂಡ ಹೆಂಡತಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು.

"ರೀ, ನಾವ್ಯಾಕೆ ಕೂತ್ವಿ?" ಹೆಂಡತಿ ಪಿಸುಗುಟ್ಟಿದಳು.

"ಟೈಲರೇ," ಎಂದಿತು ಹೊರಗಿನ ದನಿ. ವಾಚಿನ ಯಜಮಾನರ ದನಿ. ಸಾಲ ಇಲ್ಲದವನು ಬಾಗಿಲು ಬಡಿದರೆ ದೀಪ ಆರಿಸುತ್ತಾನೆಯೇ? ಈಗ ತೆಗೆದರೂ ಮಳಿಗೆ ಹೋಯಿತು, ತೆಗೆಯದಿದ್ದರೂ ಹೋಯಿತು. ಟೈಲರ್‌ಗೆ ಏಳಲಾಗಲಿಲ್ಲ. ಅಷ್ಟರಲ್ಲಿ ಅಮ್ಮನ ಚಪ್ಪಲಿಯ ಸದ್ದು ಕೇಳಿಸಿತು.

"ಯಾರು ಬೇಕು ನಿಮಗೆ?"

"ಟೈಲರ್ ಮನೆ ಇದೇ ತಾನೆ? ಈಗಷ್ಟೇ ದೀಪ ಉರೀತಿತ್ತು. ನಾನು ಬಡಿದ ತಕ್ಷಣ ಆರಿಸಿಬಿಟ್ರು."

ಅಮ್ಮ ಶಾಲೆಯ ಬೀದಿಗೆ ಹೋದವಳಲ್ಲ, ಯಜಮಾನರನ್ನು ಕಂಡವಳಲ್ಲ. ಅವಳು ಕಂಡದ್ದು ಬಾಗಿಲು ಬಡಿಯುವ ಒಬ್ಬ ಗಂಡಸು, ಒಳಗೆ ಕತ್ತಲೆ. ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ವಸೂಲಿಯ ಬಿಗಿ ಇರಲಿಲ್ಲ.

"ಎಷ್ಟು?"

"ಏನು ಎಷ್ಟು?"

"ನನ್ನ ಮಗ ನಿಮಗೆ ಎಷ್ಟು ಕೊಡಬೇಕು ಹೇಳಿ. ಬಾಗಿಲು ಮಾತ್ರ ಬಡೀಬೇಡಿ." ಕೈಚೀಲದ ಒತ್ತುಗುಂಡಿ ಬಿಚ್ಚಿದ ಸದ್ದು ಟೈಲರ್‌ಗೆ ಗೊತ್ತಾಯಿತು. ಆ ಗುಂಡಿ ಹಾಕಿದವನು ಅವನೇ. "ಇದರಲ್ಲಿ ಇರೋದೆಲ್ಲ ಅವನು ಅಂಗಡಿಗೆ ಅಂತ ಕೂಡಿಟ್ಟಿದ್ದು. ಅಂಗಡಿ ಆಮೇಲೆ ನೋಡ್ಕೊಳ್ಳೋಣ. ತಗೊಂಡು ಹೋಗಿ. ಆ ಮಕ್ಕಳು ಇನ್ನೊಂದು ಸಲ ಕತ್ತಲಲ್ಲಿ ಕೂರೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ಟೈಲರ್ ಎದ್ದು ದೀಪ ಹಾಕಿ ಬಾಗಿಲು ತೆಗೆದ. ಅಮ್ಮನ ಒಂದು ಕೈ ಇನ್ನೂ ಚೀಲದೊಳಗೇ ಇತ್ತು.

"ಯಾವಾಗ ಮಾಡಿದ್ಯೋ ಈ ಸಾಲ?" ಎಂದಳು. ಸಿಟ್ಟಿರಲಿಲ್ಲ, ಅದೇ ಅವನಿಗೆ ಸಂಕಟ ತಂದದ್ದು.

"ಯಾವ ಸಾಲಾನೂ ಇಲ್ಲಮ್ಮ. ಇವರು ಮಳಿಗೆ ಯಜಮಾನರು."

"ಮತ್ತೆ ದೀಪ ಯಾಕೆ ಆರಿಸಿದೆ?"

"ಅಭ್ಯಾಸ," ಎಂದ ಟೈಲರ್, ನೆಲ ನೋಡುತ್ತ.

ಯಜಮಾನರು ಅಮ್ಮನನ್ನು ನೋಡಿದರು, ಛತ್ರಿಯನ್ನು ನೋಡಿದರು, ಒಳಗೆ ಲೋಟದ ಕೆಳಗಿದ್ದ ಹಣವನ್ನು ನೋಡಿದರು. "ಅವತ್ತು ಧರಣಿ ಕೂತಿದ್ದು ನೀವೇನಾ?"

"ನಾನೇ. ರೇಡಿಯೋ ತಂದಿದ್ದ."

ಮುದುಕರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಆಮೇಲೆ ಒಳಗೆ ಬಂದು ಕುರ್ಚಿಯಲ್ಲಿ ಕೂತು, ಇಂಥವರು ಮನೆಯಲ್ಲಿದ್ದರೆ ಬಾಡಿಗೆ ತಪ್ಪುವ ಭಯ ತಮಗಿಲ್ಲವೆಂದೂ, ಚಪ್ಪಲಿ ಅಂಗಡಿಯವನಿಗೆ ಬೇರೆ ಕಡೆ ನೋಡಿಕೋ ಎನ್ನುವುದಾಗಿಯೂ ಹೇಳಿದರು. ಅಮ್ಮ ಚೀಲವನ್ನು ಮೇಜಿನ ಮೇಲೆ ಬರಿದು ಮಾಡಿದಳು. ಸುರುಳಿ ಸುತ್ತಿ ದಾರ ಕಟ್ಟಿದ ನೋಟುಗಳು ಉರುಳಿದವು. ಗಂಡ ಹೆಂಡತಿ ಬೆಪ್ಪಾಗಿ ನೋಡಿದರು. ಅಷ್ಟೊಂದು ತಾವೇ ಕೊಟ್ಟದ್ದೆಂದು ಅವರಿಗೆ ನಂಬಿಕೆಯೇ ಬರಲಿಲ್ಲ. ಯಜಮಾನರು ಎಣಿಸಿ, ಮುಂಗಡಕ್ಕೆ ಇನ್ನೂ ಸ್ವಲ್ಪ ಬೇಕಾಗುತ್ತದೆ ಎಂದರು.

ಟೈಲರ್ ಲೋಟದ ಕೆಳಗಿನ ಕಂತಿನ ಹಣಕ್ಕೆ ಕೈ ಚಾಚಿದ.

"ಹಾಗೆಲ್ಲ ಕೊಡೋ ಹಾಗಿಲ್ಲ," ಎಂದಳು ಅಮ್ಮ. ಛತ್ರಿ ಎತ್ತಿಕೊಂಡು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಹಿಡಿಯಿಂದ ಕುಟ್ಟಿದಳು.

ಟೈಲರ್ ದೀಪ ಆರಿಸದೆ, ಅದರ ಬೆಳಕಿನಲ್ಲೇ ನಡೆದು ಹೋಗಿ ಬಾಗಿಲು ತೆಗೆದ.