ಮೂವತ್ತಮೂರು ಎಂದು ಅಚ್ಚಾದ ಟೈರು

೧

ಈ ಕಥೆಯನ್ನು ಟೈರಿನಿಂದ ಆರಂಭಿಸಬೇಕೋ, ತೊಲೆಯಿಂದಲೋ, ಹೆಂಡತಿಯಿಂದಲೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಹೆಂಡತಿಯಿಂದ ಆರಂಭಿಸಿದರೆ ಎರಡನೆಯ ಸಾಲಿನಲ್ಲೇ ಅವಳು ತೀರಿಕೊಂಡಳೆಂದು ಬರೆಯಬೇಕಾಗುತ್ತದೆ. ಕಥೆ ಅಲ್ಲೇ ಕುಸಿದು ಕೂರುತ್ತದೆ. ತೊಲೆಯಿಂದ ಆರಂಭಿಸಿದರೆ ನೀವು ಎದ್ದು ಹೋಗುತ್ತೀರಿ. ಆದ್ದರಿಂದ ಟೈರು.

ಶೆಡ್ಡಿನ ಗೋಡೆಗೆ ಒರಗಿಸಿಟ್ಟ ನಾಲ್ಕು ಹೊಸ ಟೈರುಗಳಿವೆ. ಕಲ್ಲು, ಕೆಸರು, ಹಳ್ಳ ಎನ್ನದೆ ರಸ್ತೆಯಿಲ್ಲದ ಕಡೆ ಓಡಾಡುವ ಜೀಪಿಗೆ ಹಾಕುವಂಥವು. ಪ್ರತಿಯೊಂದರ ಪಕ್ಕೆಯ ಮೇಲೂ ಉಬ್ಬು ಅಕ್ಷರದಲ್ಲಿ ೩೩ ಎಂದಿದೆ. ಅಂದರೆ ನಿಲ್ಲಿಸಿದ ಟೈರಿನ ಎತ್ತರ ಮೂವತ್ತಮೂರು ಇಂಚು. ಆರ್ಡರ್ ಮಾಡಿದ್ದು ನನ್ನ ಹೆಂಡತಿ. ಅವು ಮನೆಗೆ ಬಂದದ್ದು ಅವಳು ಹೋದ ಮೇಲೆ.

(ನೋಡಿದಿರಾ, ಟೈರಿನಿಂದ ಹೊರಟರೂ ಬಂದು ಬಿದ್ದದ್ದು ಅದೇ ಗುಂಡಿಗೆ.)

೨

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ಇನ್ನೊಬ್ಬರ ಬರಹದಲ್ಲಿ ತಪ್ಪು ಹುಡುಕಿ ಕೆಂಪು ಗೆರೆ ಎಳೆದು ಹೊಟ್ಟೆ ಹೊರೆದವನು. ನಮ್ಮ ಕಾಲದಲ್ಲಿ ಒಂದು ಸಂಖ್ಯೆ ಅಚ್ಚಾಗುವ ಮೊದಲು ಮೂವರ ಕಣ್ಣು ದಾಟಬೇಕಿತ್ತು. ಹಾಗಾಗಿ ಅಚ್ಚಾದದ್ದರ ಮೇಲೆ ನನಗೆ ಒಂದು ಬಗೆಯ ಭಕ್ತಿ. ನನ್ನ ಹೆಂಡತಿ ಪಶುವೈದ್ಯೆ. ದೇವರೊಬ್ಬನನ್ನು ಬಿಟ್ಟರೆ, ಮುಟ್ಟಿ ನೋಡದ ಯಾವುದನ್ನೂ ಅವಳು ನಂಬುತ್ತಿರಲಿಲ್ಲ.

ಹಳ್ಳದಾಚೆ, ಬೆಟ್ಟದ ಮೇಲೆ ದನ ಕುರಿ ಸಾಕುವವರ ಬಿಡಾರಗಳಿವೆ. ಅಲ್ಲಿಗೆ ಹೋಗಲೆಂದೇ ಅವಳು ಆ ಜೀಪನ್ನು ಇಟ್ಟುಕೊಂಡಿದ್ದಳು. ಅದಕ್ಕೆ ಕೋಣ ಎಂದು ಹೆಸರಿಟ್ಟಿದ್ದಳು. ಸ್ಟಾರ್ಟ್ ಆಗದಿದ್ದರೆ ಬಾನೆಟ್ಟಿನ ಮೇಲೆ ಒಂದು ಗುದ್ದು ಕೊಟ್ಟು, "ಏಳೋ ಮೈಗಳ್ಳ" ಎನ್ನುತ್ತಿದ್ದಳು. ಅದು ಏಳುತ್ತಿತ್ತು. ಅದೇ ಧಾಟಿಯಲ್ಲಿ ಆಗಾಗ ನನ್ನನ್ನೂ ಎಬ್ಬಿಸಿದ್ದುಂಟು.

ಈಗ ತೊಲೆ. ನಮ್ಮ ಮನೆಯ ಪಕ್ಕಕ್ಕೆ ಶೆಡ್ಡು. ಶೆಡ್ಡಿನ ಮೇಲೆ ನನ್ನ ಕೋಣೆ. ನಾನು ಪ್ರಾರ್ಥನೆ ಮಾಡುವುದೂ ಬರೆಯುವುದೂ ಅಲ್ಲೇ. ಶೆಡ್ಡಿನ ಬಾಗಿಲಿನ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ತೊಲೆಯಿದೆ. ನನ್ನ ನೆಲ, ನನ್ನ ಮೇಜು, ನನ್ನ ದೇವರು, ಎಲ್ಲರೂ ಅದರ ಮೇಲೆ ನಿಂತಿದ್ದೇವೆ. ಬೆಳಗಿನ ಪ್ರಾರ್ಥನೆಗೆ ನಾನು ಕಣ್ಣು ಮುಚ್ಚಿದ ಹೊತ್ತಿಗೆ ಸರಿಯಾಗಿ ಕೆಳಗೆ ಅವಳು ಜೀಪು ಸ್ಟಾರ್ಟ್ ಮಾಡುತ್ತಿದ್ದಳು. ನೆಲ ನಡುಗುತ್ತಿತ್ತು. ಡೀಸೆಲ್ ವಾಸನೆ ಹಲಗೆಯ ಸಂದಿನಿಂದ ಮೇಲೇರಿ ನನ್ನ ಮಾತುಗಳ ಜೊತೆ ದೇವರ ಕಡೆಗೆ ಹೋಗುತ್ತಿತ್ತು. ಡೀಸೆಲ್ ಸೇರದ ಪ್ರಾರ್ಥನೆ ಎಂದರೆ ಅವಳಿಗೆ ರಜೆ ಎಂದು ಅರ್ಥ.

ಆಗ ಜೀಪಿಗಿದ್ದವು ೩೧ರ ಟೈರುಗಳು. ಜೀಪಿನ ನೆತ್ತಿಗೂ ತೊಲೆಗೂ ನಡುವೆ ಒಂದು ಇಂಚಿನ ಸಂದು ಇರುತ್ತಿತ್ತು. ಸವೆದ ಆ ಟೈರುಗಳನ್ನು ಅವಳೇ ಬಿಚ್ಚಿ ಕಳಿಸಿ, ಜೀಪನ್ನು ಮರದ ದಿಮ್ಮಿಗಳ ಮೇಲೆ ಕೂರಿಸಿದಳು. ಅದೇ ವಾರ ಮಲಗಿದಳು.

೩

ಮೂರನೆಯ ಭಾಗವನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಆಸ್ಪತ್ರೆ ಇತ್ತು. ನೀವು ನೋಡದ್ದೇನೂ ಇರಲಿಲ್ಲ.

೪

ಮಗಳು ಬಂದಿದ್ದಾಳೆ. ಅವಳೂ ಪಶುವೈದ್ಯೆ, ತಾಯಿಯ ತಿರುಗಾಟವನ್ನು ಈಗ ಅವಳೇ ವಹಿಸಿಕೊಂಡಿದ್ದಾಳೆ. ಬೆಟ್ಟದವರು ದಿನವೂ ಫೋನ್ ಮಾಡುತ್ತಿದ್ದಾರೆ. ಹಳ್ಳ ತುಂಬುವ ಮೊದಲು ದನಗಳಿಗೆ ಲಸಿಕೆ ಹಾಕಬೇಕು. ಅವಳ ಪುಟ್ಟ ಕಾರು ಹಳ್ಳದ ದಂಡೆಯವರೆಗೂ ಹೋಗಲಾರದು.

"ಅಪ್ಪಾ, ನಾಳೆ ಬೋಲ್ಟಣ್ಣನ್ನ ಕರೆಸ್ತೀನಿ. ಟೈರ್ ಹಾಕ್ಸಿ ಕೋಣನ್ನ ಹೊರಗೆ ತೆಗೀಬೇಕು."

(ಬೋಲ್ಟಣ್ಣ ಎಂದರೆ ನಮ್ಮ ಬೀದಿಯ ಕೊನೆಯ ಟೈರು ಅಂಗಡಿಯವನು. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿದೆ ಎನ್ನುತ್ತಾರೆ.)

"ಆಗಲ್ಲಮ್ಮ. ತೊಲೆಗೆ ಬಡಿಯುತ್ತೆ."

"ಯಾರು ಹೇಳಿದ್ದು?"

"ಲೆಕ್ಕ ಹೇಳುತ್ತೆ. ಮೂವತ್ತೊಂದು ಇದ್ದಾಗ ಒಂದಿಂಚು ಸಂದಿತ್ತು. ಈಗ ಮೂವತ್ಮೂರು. ಗಾಡಿ ಎರಡಿಂಚು ಏರುತ್ತೆ."

"ಆಕ್ಸಲ್ ಇರೋದು ಚಕ್ರದ ನಡುವೆ, ಅಪ್ಪಾ. ಗಾಡಿ ಏರೋದು ಅದರಲ್ಲಿ ಅರ್ಧ. ಒಂದೇ ಇಂಚು."

"ಸರಿ, ಒಂದಿಂಚಿಗೆ ಒಂದಿಂಚು ಹೋಯ್ತಲ್ಲ. ಕೂದಲು ತೂರೋಷ್ಟೂ ಜಾಗ ಉಳಿಯಲ್ಲ."

"ಅದು ಬರೆದಿರೋ ಸೈಜು. ನಿಜವಾದ ಸೈಜು ಅಳೆದು ನೋಡಿದ್ರಾ?"

ನೋಡಿರಲಿಲ್ಲ. ನೋಡುವ ಮನಸ್ಸೂ ಇರಲಿಲ್ಲ.

ಓದುಗರೇ, ನೀವು ಆಗಲೇ ಊಹಿಸಿರುತ್ತೀರಿ. ತೊಲೆಯ ಚಿಂತೆ ನನಗೆ ಎಳ್ಳಷ್ಟೂ ಇರಲಿಲ್ಲ. ಆ ಜೀಪಿನ ಸೀಟಿನ ಕೆಳಗೆ ಅವಳ ರಬ್ಬರ್ ಬೂಟುಗಳಿವೆ, ಕೆಸರು ಒಣಗಿದ ಹಾಗೇ. ಕನ್ನಡಿ ಅವಳ ಎತ್ತರಕ್ಕೆ ತಿರುಗಿಕೊಂಡಿದೆ. ಅದು ಹೊರಟರೆ ನನ್ನ ನೆಲದ ಕೆಳಗೆ ಏನೂ ಇರುವುದಿಲ್ಲ. ಇದನ್ನು ಮಗಳ ಮುಖ ನೋಡಿ ಹೇಳಲಾಗದ ನನ್ನ ಕೈಗೆ ಅಚ್ಚಾದ ಒಂದು ಸಂಖ್ಯೆ ಸಿಕ್ಕಿತು. ಅದನ್ನು ಭದ್ರವಾಗಿ ಹಿಡಿದುಕೊಂಡೆ.

೪, ಇನ್ನೊಂದು ಸಲ

ಈ ಕರಡಿನಲ್ಲಿ ಹೆಂಡತಿಯನ್ನೂ ತಂದೆ. ಅವಳು ಜೀಪಿಗೆ ಒರಗಿ ನಿಂತು ಮಂದಹಾಸ ಬೀರಿದಳು ಎಂದು ಬರೆದು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಆಕ್ಷೇಪಣೆ ಬಂತು.

"ರೀ, ಇವಳು ಯಾರು?"

"ನೀನೇ."

"ನಾನು ಯಾವತ್ತು ಮಂದಹಾಸ ಬೀರಿದ್ದೆ? ಹಲ್ಲೆಲ್ಲ ಕಾಣೋ ಹಾಗೆ ನಗ್ತಿದ್ದೆ. ಹಾಗೇ ಬರೀರಿ. ಆಮೇಲೆ ಆ ಮೂವತ್ಮೂರು. ಅಳೆದ್ರಾ?"

"ಪಕ್ಕೆಯ ಮೇಲೆ ಅಚ್ಚಾಗಿದೆ."

"ಕಂಪನಿಯವ್ರು ಅದನ್ನ ರಿಮ್ಮಿಗೆ ಹಾಕಿ, ಗಾಳಿ ಬಿಗಿದು, ನೊಣದ ಭಾರಾನೂ ಬೀಳದ ಹಾಗೆ ಇಟ್ಟು ಅಳೀತಾರೆ. ಅದನ್ನೂ ಸ್ವಲ್ಪ ಮೇಲಕ್ಕೆ ದುಂಡು ಮಾಡ್ಕೊಂಡು ಮಾರ್ತಾರೆ. ಗಾಡಿ ಭಾರ ಹೊತ್ಮೇಲೆ ಬರೆದಷ್ಟು ಎತ್ತರ ನಿಂತಿರೋ ಟೈರ್‌ನ ನಾನಂತೂ ಕಂಡಿಲ್ಲ."

"ಹಾಗಾದರೆ ಹಳೆಯದೂ ಬರೆದಷ್ಟು ಇರಲಿಲ್ಲ ಅಂತಾಯ್ತು."

"ಇರ್ಲಿಲ್ಲ. ಅದು ಎಷ್ಟು ಸುಳ್ಳು ಹೇಳಿತ್ತೋ ನಿಮಗೆ ಗೊತ್ತಿಲ್ಲ. ಇದು ಎಷ್ಟು ಹೇಳ್ತಿದ್ಯೋ ಅದೂ ಗೊತ್ತಿಲ್ಲ. ಒಂದು ಸುಳ್ಳಲ್ಲಿ ಇನ್ನೊಂದನ್ನ ಕಳೆದು ಲೆಕ್ಕ ಅಂತ ಮಗಳ ಮುಂದೆ ಇಡ್ತೀರಿ. ನಾಚಿಕೆ ಆಗಲ್ವಾ?"

"ಸ್ವಲ್ಪ ಆಗುತ್ತೆ."

"ನನ್ನ ಟೇಪು ಎಲ್ಲಿ?"

ಟೇಪು ಡ್ಯಾಶ್‌ಬೋರ್ಡಿನಲ್ಲಿತ್ತು. ಹಸುವಿನ ಎದೆಯ ಸುತ್ತಳತೆ ನೋಡಿ ತೂಕ ಅಂದಾಜು ಮಾಡುವ ಬಟ್ಟೆಯ ಟೇಪು ಅದು. ಹೊಸ ಟೈರು ಬಂದಾಗಲೆಲ್ಲ ಅವಳು ಅದನ್ನು ಗಬ್ಬದ ಹಸುವಿನಂತೆ ಮೆಲ್ಲಗೆ ತಿರುಗಿಸಿ, ಸುತ್ತಲೂ ಟೇಪು ಹಾಯಿಸಿ, ಇಪ್ಪತ್ತೆರಡನ್ನು ಏಳರಿಂದ ಭಾಗಿಸುವ ಶಾಲೆಯ ಲೆಕ್ಕದಲ್ಲಿ ಎತ್ತರ ಕಂಡುಹಿಡಿಯುತ್ತಿದ್ದಳು. ಪ್ರತಿ ಸಲವೂ ಮುಕ್ಕಾಲು ಇಂಚೋ ಒಂದು ಇಂಚೋ ಕಡಿಮೆ ಬರುತ್ತಿತ್ತು. ಪ್ರತಿ ಸಲವೂ ಬೋಲ್ಟಣ್ಣನ ಜೊತೆ ಜಗಳವಾಗುತ್ತಿತ್ತು. ಜಗಳ ಮುಗಿದ ಮೇಲೆ ಇಬ್ಬರೂ ಖುಷಿಯಾಗಿರುತ್ತಿದ್ದರು.

(ಒಂದು ಗುಟ್ಟು. ಜೀವಮಾನವೆಲ್ಲ ತಪ್ಪು ತೆಗೆದ ನಾನು ಈಗ ಕರಡಿನಲ್ಲಿ ಬೇಕೆಂದೇ ಒಂದೆರಡು ತಪ್ಪು ಬಿಡುತ್ತೇನೆ. ಮಂದಹಾಸ ಅಂಥದ್ದೊಂದು. ಸರಿಯಾಗಿ ಬರೆದ ಪುಟಕ್ಕೆ ಅವಳು ಬರುವುದಿಲ್ಲ.)

೫

ಮುಂದೇನಾಯಿತೆಂದು ಹೇಳುವ ಮೊದಲು ಎರಡು ಮುಕ್ತಾಯಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ಜೀಪು ತೊಲೆಗೆ ಬಡಿಯುತ್ತದೆ. ಮೇಲೆ ನನ್ನ ಮೇಜು ಅಲುಗುತ್ತದೆ. ಎಲ್ಲರೂ ತಲೆಯಾಡಿಸಿ ಜೀಪನ್ನು ಒಳಕ್ಕೆ ತಳ್ಳುತ್ತಾರೆ. ಇದು ನನಗೆ ಇಷ್ಟವಾಗಿತ್ತು. ಆದರೆ ಕಥೆಯೊಳಗಿನ ಮಗಳು, "ಸರಿ ಅಪ್ಪಾ, ಬೆಟ್ಟದ ಮೇಲಿನ ದನಗಳಿಗೆ ನಿಮ್ಮ ಕಥೇನೇ ಚುಚ್ಚಿ ಬರ್ಲಾ?" ಎಂದು ಕೇಳಿದಳು. ಆ ಮುಕ್ತಾಯಕ್ಕೆ ಕೆಂಪು ಗೆರೆ ಎಳೆದೆ.

ಎರಡನೆಯದು: ನಾನು ಕಣ್ಣು ಮುಚ್ಚಿ ಪ್ರಾರ್ಥಿಸುತ್ತೇನೆ, ಟೈರು ಬೇಕಾದಷ್ಟು ಹಿಗ್ಗಿಯೋ ಕುಗ್ಗಿಯೋ ಎಲ್ಲರಿಗೂ ಒಳ್ಳೆಯದಾಗುತ್ತದೆ. ಇದನ್ನೂ ಹೊಡೆದುಹಾಕಿದೆ. ನಾನು ದೇವರನ್ನು ನಂಬಿದವನು. ಅವನಿಗೆ ಪಂಕ್ಚರ್ ಅಂಗಡಿಯ ಕೆಲಸ ಹಚ್ಚಲು ನನಗೆ ಮನಸ್ಸಿಲ್ಲ.

೬

ಬೆಳಿಗ್ಗೆ ಬೋಲ್ಟಣ್ಣ ಬಂದ. ಟೈರುಗಳನ್ನು ರಿಮ್ಮಿಗೆ ಕೂರಿಸಿ, ಗಾಳಿ ತುಂಬಿ, ಚಕ್ರಗಳನ್ನು ಒಂದೊಂದಾಗಿ ಬಿಗಿದ. ಜೀಪು ಇನ್ನೂ ದಿಮ್ಮಿಗಳ ಮೇಲೇ ಇತ್ತು. ಚಕ್ರಗಳು ನೆಲ ಮುಟ್ಟಿರಲಿಲ್ಲ.

"ಡಾಕ್ಟರಮ್ಮ ಇದ್ದಿದ್ರೆ ಇಷ್ಟೊತ್ತಿಗೆ ನನ್ನ ಮಾನ ಹರಾಜಾಗಿರೋದು," ಎಂದು ಅವನು ಬೆವರೊರೆಸಿಕೊಂಡ. "ಇವತ್ತು ಯಾರೂ ಬೈತಿಲ್ಲ. ಕೆಲಸ ಮಾಡಿದ ಹಾಗೇ ಅನ್ನಿಸ್ತಿಲ್ಲ."

"ತೊಲೆಗೆ ಬಡಿಯುತ್ತೆ, ಬೋಲ್ಟಣ್ಣ," ಎಂದೆ.

"ಬಡಿದ್ರೆ ಬಡೀಲಿ ಬಿಡಿ, ಯಜಮಾನ್ರೇ. ನಾಲ್ಕರಲ್ಲೂ ಒಂಚೂರು ಗಾಳಿ ಇಳಿಸಿದ್ರೆ ಕೋಣ ಮಂಡಿಯೂರಿಕೊಂಡು ಹೊರಗೆ ಬರ್ತಾನೆ. ಆಮೇಲೆ ಬಿಗಿದ್ರಾಯ್ತು."

(ಇದು ನಿಮಗೆ ನಾಲ್ಕನೆಯ ಭಾಗದಲ್ಲೇ ಹೊಳೆದಿತ್ತು, ಅಲ್ಲವೇ? ನನಗೂ ಹೊಳೆದಿತ್ತು. ಅದಕ್ಕೇ ನಾನು ಗಾಳಿಯ ಮಾತೆತ್ತಲಿಲ್ಲ.)

ನನ್ನ ಕೈಯಲ್ಲಿದ್ದ ಒಂದೇ ನೆಪ ಹೀಗೆ ಬೀದಿಯ ಟೈರು ಅಂಗಡಿಯವನ ಒಂದು ಮಾತಿಗೆ ಹೋಯಿತು. ನಾನು ಮಗಳ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಹೆಂಡತಿ ಕುಂಟುವ ಕರುವನ್ನು ದೂರದಿಂದ ನೋಡುತ್ತಿದ್ದ ಹಾಗೆ.

"ಗಾಳಿ ಇಳಿಸೋದು ಬೇಡ, ಬೋಲ್ಟಣ್ಣ," ಎಂದಳು. "ಮೊದ್ಲು ಅಪ್ಪ ಅಳೀಲಿ."

ಟೇಪನ್ನು ತಂದು ನನ್ನ ಕೈಗಿಟ್ಟಳು.

"ಗಾಡಿ ಕೆಳಗಿಳಿಸ್ತೀವಿ. ನೆಲದಿಂದ ಅದರ ನೆತ್ತಿಗೆ ಎಷ್ಟು, ನೆಲದಿಂದ ತೊಲೆಗೆ ಎಷ್ಟು, ನೀವೇ ನೋಡಿ ಹೇಳಿ. ಬಡಿಯುತ್ತೆ ಅಂದ್ರೆ ನಾನು ಮತ್ತೆ ಕೇಳಲ್ಲ. ಬೇರೆ ಗಾಡಿ ಹುಡುಕ್ತೀನಿ."

"ನೀನೂ ನೋಡು."

"ನಾನು ನೋಡಲ್ಲ."

ಅವಳು ರಸ್ತೆಯ ಕಡೆ ಮುಖ ಮಾಡಿ ನಿಂತಳು. ಬೋಲ್ಟಣ್ಣ ಜಾಕ್ ತಿರುಗಿಸಿ ಜೀಪನ್ನು ಇಳಿಸಿ, ಅವನೂ ಅವಳ ಪಕ್ಕಕ್ಕೆ ಹೋಗಿ ಕೈ ಕಟ್ಟಿ ನಿಂತ. ಅವನಿಗೆ ಎಷ್ಟು ಅರ್ಥವಾಗಿತ್ತೋ ಗೊತ್ತಿಲ್ಲ. ಟೈರಿನವನಿಗೆ ಬೇಕಾದ್ದಕ್ಕಿಂತ ಹೆಚ್ಚೇ ಅರ್ಥವಾಗಿತ್ತು.

ಚಕ್ರಗಳ ಮೇಲೆ ಭಾರ ಬಿತ್ತು. ಗಾಳಿಯಲ್ಲಿದ್ದಾಗ ದುಂಡಗೆ ಬಿಗಿದುಕೊಂಡಿದ್ದ ಟೈರು ನೆಲ ಮುಟ್ಟಿದ ಕಡೆ ತುಸು ಹರಡಿಕೊಂಡು ಕೂತಿತು, ದಿನವಿಡೀ ತಿರುಗಿ ಬಂದವರು ಬೂಟು ಬಿಚ್ಚಿ ಕೂರುವ ಹಾಗೆ. ಪಕ್ಕೆಯ ಮೇಲಿನ ೩೩ ಮಾತ್ರ ಇದ್ದ ಹಾಗೇ ಇತ್ತು.

ಟೇಪು ಹಿಡಿದು ಸ್ಟೂಲು ಹತ್ತುವ ಮೊದಲು ಒಂದು ಪ್ರಾರ್ಥನೆ ಮಾಡಿದೆ. ಬೇಡಲು ಏನೂ ಇರಲಿಲ್ಲ. ಕೇಳಲು ಒಂದು ಪ್ರಶ್ನೆಯಿತ್ತು. ಭಗವಂತ, ನಮ್ಮನ್ನು ಅಳೆಯುವಾಗ ನೀನು ಭಾರ ಇಳಿಸಿ ಅಳೆಯುತ್ತೀಯೋ, ಹೊತ್ತಿರುವಾಗಲೇ ಅಳೆಯುತ್ತೀಯೋ?

ಅಳೆದೆ. ನೆತ್ತಿಗೆ ಒಂದು ಸಲ, ತೊಲೆಗೆ ಒಂದು ಸಲ. ಕಣ್ಣಿನ ಮೇಲೆ ನಂಬಿಕೆ ಸಾಲದೆ ಇನ್ನೊಂದು ಸಲ. ಟೇಪಿನಲ್ಲಿ ಇನ್ನೂ ದನದ ಮೈವಾಸನೆಯಿತ್ತು.

"ಎಷ್ಟು ಬಂತಪ್ಪಾ?" ಮಗಳು ತಿರುಗಲಿಲ್ಲ.

ಒಂದು ಸುಳ್ಳಿಗೆ ಬೇಕಾದ ಜಾಗ ಅಲ್ಲಿ ಧಾರಾಳವಾಗಿತ್ತು. ಯಾರೂ ನೋಡುತ್ತಿರಲಿಲ್ಲ. ಅಚ್ಚಾದ ಸಂಖ್ಯೆಯೂ ನನ್ನ ಪರವಾಗಿತ್ತು.

ಟೇಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

೭

ಎಷ್ಟು ಎಂದು ನಿಮಗೂ ತಿಳಿಯಬೇಕು. ನ್ಯಾಯವೇ. ಆದರೆ ನಾನು ಅದನ್ನು ಇಲ್ಲಿ ಬರೆದರೆ ಅದು ಅಚ್ಚಾಗುತ್ತದೆ. ಅಚ್ಚಾದ ಸಂಖ್ಯೆಯನ್ನು ನಂಬಿದವನ ಗತಿಯನ್ನು ಇಷ್ಟು ಹೊತ್ತು ಓದಿದ್ದೀರಿ. ಶೆಡ್ಡಿಗೆ ಬೀಗವಿಲ್ಲ. ಟೇಪು ಮೊಳೆಗೆ ನೇತಾಡುತ್ತಿದೆ. ಬಂದು ನೀವೇ ನೋಡಿ. ಜೀಪು ಒಳಗಿರುತ್ತದೋ ಬೆಟ್ಟದ ಮೇಲಿರುತ್ತದೋ, ಅದನ್ನು ಮಾತ್ರ ಹೇಳಲಾರೆ.

ಅಳೆದಾದ ಮೇಲೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದು ಕಣ್ಣು ಮುಚ್ಚಿ ಕೂತೆ. ಕೆಳಗೆ ಬಾನೆಟ್ಟಿನ ಮೇಲೆ ಒಂದು ಗುದ್ದು ಬಿದ್ದದ್ದು ಕೇಳಿಸಿತು. ನೆಲ ನಡುಗಿತು. ಹಲಗೆಯ ಸಂದಿನಿಂದ ಡೀಸೆಲ್ ಮೇಲೇರಿ ಬಂತು. ಅಲ್ಲಿಂದ ಮುಂದಿನದನ್ನು ನಾನು ಕಣ್ಣು ಬಿಟ್ಟು ನೋಡಿಲ್ಲ, ನೋಡದ್ದನ್ನು ಬರೆಯುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕೆಂದು ಒಳಗಿನ ಕರಡು ತಿದ್ದುವವನು ಹೇಳುತ್ತಿದ್ದಾನೆ. ಎಲ್ಲವೂ ಒಪ್ಪವಾಗಿದೆ, ಒಂದು ತಪ್ಪೂ ಉಳಿದಿಲ್ಲ ಎನ್ನುತ್ತಾನೆ. ಅದೇ ನನ್ನ ಭಯ. ಆದ್ದರಿಂದ ಕೊನೆಯಲ್ಲಿ ಒಂದು ವಾಕ್ಯವನ್ನು ಬರೆದಿಡುತ್ತೇನೆ. ದಯವಿಟ್ಟು ನೀವು ಯಾರೂ ಅದನ್ನು ತಿದ್ದಬೇಡಿ.

ಟೈರಿನ ಎತ್ತರ ಎರಡು ಇಂಚು ಹೆಚ್ಚಿದರೆ, ಗಾಡಿಯ ನೆತ್ತಿಯೂ ಎರಡು ಇಂಚು ಏರುತ್ತದೆ.