ಮೂರು ಮಾತಿನ ಯಂತ್ರ

"ಕಂಬಳಿ ಮುಟ್ಟಿ ಹೇಳ್ತೇನಿ ಮಕ್ಸೂದ್ ಭಾಯ್, ಇದರಾಗ ಒಂದ್ ಮಾತೂ ಸುಳ್ಳಿಲ್ಲ," ಎಂದು ಹಾವಗೆಪ್ಪ ಹೆಗಲ ಮೇಲಿನ ಕರಿ ಕಂಬಳಿಯ ಅಂಚನ್ನು ಹಿಡಿದು ಕಣ್ಣಿಗೆ ಒತ್ತಿಕೊಂಡ. "ಕರಡಿ ನನ್ನ ಎದುರಿಗಿ ಬಂದು ಕುಂತಿತು. ನಾ ಹೇಳಿದ್ದೆಲ್ಲಾ ಕೇಳ್ತು. ತಲಿ ಅಲ್ಲಾಡಿಸಿ ಎದ್ದು ಹೋಯ್ತು. ಅದು ಹೋದ ಮ್ಯಾಲೆ ನಾ ಕಾಲ್ ಮುರಕೊಂಡೆ. ಅದರ ಮುಂದ ಮುರಕೊಳ್ಳಲಿಲ್ಲ, ಮರ್ಯಾದಿ ಪ್ರಶ್ನೆ."

ಬೀದರಿನ ಚೌಬಾರಾ ಗೋಪುರದ ಹತ್ತಿರವಿದ್ದ ಮಕ್ಸೂದನ ಮೊಬೈಲ್ ಅಂಗಡಿಯಲ್ಲಿ ಬಿಸಿಲಿನ ಹೊತ್ತಿಗೆ ಕಂಬಳಿ ಹೊದ್ದು ಬಂದವನು ಅವನೊಬ್ಬನೇ. ಬಿಚ್ಚಿದ ಫೋನೊಂದರ ಮೇಲೆ ಬಗ್ಗಿದ್ದ ಮಕ್ಸೂದ ತಲೆ ಎತ್ತಿ, ಹಾವಗೆಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅವನ ಹೆಂಡತಿ ರುಕ್ಮಿಣಿಬಾಯಿಯನ್ನು ನೋಡಿದ. ಇದು ನಿಜವೇ ಎಂದು ಕೇಳುವ ನೋಟ ಅದು.

"ಆ ಕಂಬಳಿಗಿ ತೂತ ಬಿದ್ದದ್ದು ಮುಳ್ಳಿಗಲ್ಲರಿ," ಎಂದಳು ರುಕ್ಮಿಣಿಬಾಯಿ. "ಇವರ ಆಣಿಗಿ."

ಕುರುಬರ ಮನೆಯಲ್ಲಿ ಕಂಬಳಿಯ ಆಣೆ ಹಗುರವಾದದ್ದಲ್ಲ. ಹಿಂಡು ಪಾಲಾಗುವಾಗ, ಸಂಬಂಧ ಕೂಡಿಸುವಾಗ, ಹಾಸಿದ ಕಂಬಳಿಯ ಮೇಲೆ ಕೂತೇ ಮಾತಾಗಬೇಕು. ಅದನ್ನು ಮುಟ್ಟಿ ಸುಳ್ಳಾಡಿದವನ ಕುರಿಗಳ ಹಾಲು ಬತ್ತುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಹಾವಗೆಪ್ಪನ ಕುರಿಗಳ ಹಾಲು ಯಾವತ್ತೂ ಬತ್ತಲಿಲ್ಲ. ಅವನಿಗೆ ಧೈರ್ಯ ಬಂದದ್ದೇ ಅಲ್ಲಿಂದ.

ಕಾಲು ಮುರಿದದ್ದಂತೂ ನಿಜ. ಅದಕ್ಕೆ ಸಾಕ್ಷಿಯಾಗಿ ಅವನು ಈಗಲೂ ಎಡಗಾಲು ಎಳೆದು ನಡೆಯುತ್ತಿದ್ದ. ಹೋದ ಬೇಸಗೆಯಲ್ಲಿ ಔರಾದ ಸೀಮೆಯಲ್ಲಿ ಹುಲ್ಲು ಮುಗಿದು, ಮಾಂಜ್ರಾ ನದಿಯಲ್ಲಿ ಕಲ್ಲುಗಳಷ್ಟೇ ಉಳಿದಾಗ, ಅವನು ಎಂದಿನಂತೆ ಗಡಿ ದಾಟಿ ತೆಲಂಗಾಣದ ಗುಡ್ಡಗಳ ಅಡವಿಗೆ ಹಿಂಡು ಹೊಡೆದುಕೊಂಡು ಹೋಗಿದ್ದ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಒಂದೇ ಒಂದು ಬಂಡೆಯ ತುದಿಯಲ್ಲಿ, ಗಾಳಿ ಸರಿಯಾಗಿ ಬೀಸಿದರೆ, ಒಂದು ಗೆರೆ ಮೂಡುತ್ತದೆ. ಮುರಿದ ಕಾಲು ಎಳೆದುಕೊಂಡು ಆ ಬಂಡೆ ಹತ್ತಿ ಅವನು ಮನೆಗೆ ಫೋನು ಹಚ್ಚಿದ್ದ. ಕಾಲು ಮುರಿದಿದೆ, ಬನ್ನಿ ಎಂದಿದ್ದರೆ ಮುಗಿಯುತ್ತಿತ್ತು. ಅವನು ಕರಡಿಯಿಂದ ಶುರು ಮಾಡಿದ.

ಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ಎಲ್ಲರೂ ಸುತ್ತ ಕೂತರು. ಭಾಲ್ಕಿಯಿಂದ ಬಂದಿದ್ದ ರುಕ್ಮಿಣಿಬಾಯಿಯ ತಮ್ಮ ಶಿವರಾಜಪ್ಪ, ಕರಡಿ ಬೀಡಿ ಕೇಳಲಿಲ್ಲವೇನು ಮಾವಾ ಎಂದು ನಡುವೆ ಕೇಳಿದ. ಕೇಳಿತು ಎಂದ ಹಾವಗೆಪ್ಪ. ಕಥೆ ಬಿಟ್ಟುಕೊಡುವ ಮನುಷ್ಯ ಅಲ್ಲ ಅವನು. ಕಾಲಿನ ಸುದ್ದಿ ಬರುವ ಹೊತ್ತಿಗೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು, ಅವನ ಫೋನಿನ ಚಾರ್ಜು ಮುಗಿದಿತ್ತು. ಕಟ್ಟಿಗೆಗೆ ಬಂದ ಹೆಂಗಸರು ಅವನನ್ನು ಕಂಡದ್ದು ಮರುದಿನ ಕಳೆದ ಮೇಲೆ. ಅಷ್ಟರಲ್ಲಿ ಕಾಲು ವಕ್ರವಾಗಿಯೇ ಕೂಡಿಕೊಳ್ಳುವ ನಿರ್ಧಾರ ಮಾಡಿಯಾಗಿತ್ತು.

ಈ ವರ್ಷವೂ ಬರ. ಜೊತೆಗೆ ಹಿಂಡು ಹೊಡೆಯುತ್ತಿದ್ದ ಕಾಶೀರಾಮ ತನ್ನ ಕುರಿ ಮಾರಿ ಹೈದರಾಬಾದಿಗೆ ವಾಚ್‌ಮನ್ ಕೆಲಸಕ್ಕೆ ಹೋಗಿಬಿಟ್ಟಿದ್ದ. ಹಾವಗೆಪ್ಪ ಒಬ್ಬನೇ ಹೋಗಬೇಕು. ರುಕ್ಮಿಣಿಬಾಯಿ ಒಂದೇ ಮಾತು ಹೇಳಿದ್ದಳು: ಅಡವಿಯಿಂದ ಸುದ್ದಿ ಮುಟ್ಟಿಸುವ ಭರವಸೆಯ ದಾರಿ ಒಂದು ಬೇಕು. ಇಲ್ಲವಾದರೆ ಅಮಾವಾಸ್ಯೆಗೆ ಭಾಲ್ಕಿಯ ಕುರಿ ವ್ಯಾಪಾರಿ ಮಹಮ್ಮದ ಇಸ್ಮಾಯಿಲ ಗಾಡಿ ತರುತ್ತಾನೆ, ಇಡೀ ಹಿಂಡು ಹೋಗುತ್ತದೆ. ಆಕೆ ಅದಾಗಲೇ ಇಸ್ಮಾಯಿಲನಿಗೆ ಹೇಳಿ ಬಂದಿದ್ದಳು. ಹಿಂಡು ಹೋದ ಮೇಲೆ ತಾನು ಯಾರು ಎಂಬುದೊಂದಕ್ಕೆ ಮಾತ್ರ ಹಾವಗೆಪ್ಪನ ಹತ್ತಿರ ಕಥೆ ಇರಲಿಲ್ಲ. ಅದಕ್ಕೇ ಅವನು ಹೆಂಡತಿಯನ್ನು ಕರೆದುಕೊಂಡು ಬೀದರಿಗೆ ಬಂದಿದ್ದ. ಯಂತ್ರ ಸಿಗದೆ ಊರಿಗೆ ತಿರುಗುವುದಿಲ್ಲ ಎಂದು, ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿಕೊಂಡೇ ಬಂದಿದ್ದ.

ಕರಡಿಯ ಕಥೆ ಮಕ್ಸೂದನಿಗೆ ಹಿಡಿಸಿತು. ಅವನು ಒಳಗೆ ಕೂಗಿ ಹೆಂಡತಿಯ ಅಣ್ಣ ಚಾಂದ ಪಾಶಾನನ್ನು ಕರೆದ. ಚಾಂದ ಪಾಶಾ ಅರಬ್ಬರ ದೇಶದಲ್ಲಿ ಡ್ರೈವರ್, ರಜೆಗೆ ಬಂದವನು. ಮರುಭೂಮಿಯೊಳಗೆ ಲಾರಿ ಓಡಿಸುವವರಿಗೆ ಕೊಡುವ ಎರಡು ಸಾಮಾನುಗಳನ್ನು ಟವೆಲ್ಲಿನಿಂದ ಬಿಚ್ಚಿ ಗಾಜಿನ ಮೇಲಿಟ್ಟ. ಒಂದು, ಬೆರಳು ಗಾತ್ರದ ಆಂಟೆನಾ ಇರುವ ದಪ್ಪ ಫೋನು. ಇನ್ನೊಂದು, ಅಂಗೈಯಲ್ಲಿ ಅಡಗುವ ಕಿತ್ತಳೆ ಬಣ್ಣದ ಡಬ್ಬಿ. ಇವಕ್ಕೆ ಟವರ್ ಬೇಡ, ನೇರ ಮೇಲಿನ ಸ್ಯಾಟಲೈಟಿಗೇ ಮುಟ್ಟುತ್ತವೆ ಎಂದು ಅವನು ವಿವರಿಸಿದ.

ಸ್ಯಾಟಲೈಟು ತನಗೆ ಹೊಸದಲ್ಲ ಎಂದ ಹಾವಗೆಪ್ಪ. ಸಂಜೆಯಾದ ಕೂಡಲೇ ಆಕಾಶದಲ್ಲಿ ಉದಗೀರದ ಕಡೆಯಿಂದ ಒಂದು ಚಿಕ್ಕಿ ಕಣ್ಣು ಮಿಟುಕಿಸದೆ ಜಹೀರಾಬಾದಿನ ಕಡೆ ಹೋಗುತ್ತದಂತೆ. ಡ್ಯೂಟಿಗೆ ಹೋಗುವ ಮನುಷ್ಯನ ಹಾಗೆ. ತಡವಾದ ದಿನ ಸ್ವಲ್ಪ ಜೋರಾಗಿ ಹೋಗುತ್ತದೆ ಎಂದೂ ಸೇರಿಸಿದ. ಮಾತಾಡುತ್ತಲೇ ದಪ್ಪ ಫೋನನ್ನು ಎತ್ತಿಕೊಂಡು, ಟಗರಿನ ಕೊಂಬು ನೋಡುವವನಂತೆ ಆಂಟೆನಾ ತಿರುಗಿಸಿ ನೋಡಿ, ಕಿವಿಗೆ ಇಟ್ಟುಕೊಂಡ. ಇದರಲ್ಲಿ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದೇ ಎಂದು ಕೇಳಿದ. ಆಡಬಹುದು ಎಂದ ಚಾಂದ ಪಾಶಾ. ಹಾವಗೆಪ್ಪನ ಮುಖ ಅರಳಿತು. ಇದೇ ಇರಲಿ ಎಂದ.

ರುಕ್ಮಿಣಿಬಾಯಿ ಆ ಹೊತ್ತಿಗೆ ಕಿತ್ತಳೆ ಡಬ್ಬಿಯನ್ನು ಕೈಗೆತ್ತಿಕೊಂಡಿದ್ದಳು. ಇದರಲ್ಲಿ ಮಾತಾಡುವುದು ಎಲ್ಲಿಂದ ಎಂದು ಕೇಳಿದಳು. ಮಾತಿಲ್ಲ ಎಂದ ಚಾಂದ ಪಾಶಾ. ಹೊರಡುವ ಮುಂಚೆ ಮನೆಯಲ್ಲಿ ಕೂತು ಮೂರು ಮಾತು ಗೊತ್ತು ಮಾಡಿ ಇದರಲ್ಲಿ ಹಾಕಬೇಕು. ಅಡವಿಯಲ್ಲಿ ಗುಂಡಿ ಒತ್ತಿದರೆ ಆ ಮಾತು, ಒತ್ತಿದವನು ಎಲ್ಲಿದ್ದಾನೆ ಎನ್ನುವುದು, ಅಷ್ಟೇ ಬರುತ್ತದೆ. ಒಂದು, ಆರಾಮ ಇದ್ದೇನೆ; ಇನ್ನೊಂದು, ಮುಂದಕ್ಕೆ ಹೊರಟಿದ್ದೇನೆ; ಮುಚ್ಚಳದ ಕೆಳಗಿನ ಮೂರನೆಯ ಗುಂಡಿಗೆ, ಬನ್ನಿ.

"ಬರ್ರಿ ಅಂದ್ರ ಹ್ಯಾಂಗ?" ಎಂದ ಹಾವಗೆಪ್ಪ. "ಯಾಕ ಬರ್ಬೇಕು ಅಂಬೋದು ಮನ್ಯಾಗಿನವರಿಗಿ ತಿಳೀಬ್ಯಾಡೇನು?"

"ತಿಳಿಯೋದು ಬ್ಯಾಡ. ಬರೋದಷ್ಟ ನಮ್ಮ ಕೆಲಸ," ಎಂದಳು ರುಕ್ಮಿಣಿಬಾಯಿ.

ಹಾವಗೆಪ್ಪ ನಾಲ್ಕನೆಯ ಮಾತೊಂದನ್ನು ಸೇರಿಸಲಿಕ್ಕೆ ಬರುತ್ತದೆಯೇ ಎಂದು ಚಾಂದ ಪಾಶಾನನ್ನು ಕೇಳಿದ. ಏನು ಮಾತು ಎಂದು ಚಾಂದ ಪಾಶಾ ಕೇಳಿದ್ದೇ ತಪ್ಪಾಯಿತು. ನಾಲ್ಕನೆಯ ಮಾತು ಕಥೆಯಾಗಿ ಬೆಳೆದು ಇನ್ನೂ ಒಂದು ಬಾವಿಯ ಹತ್ತಿರ ಬಂದಿರುವಾಗಲೇ ಚಹಾ ಬಂತು, ಕುಡಿದದ್ದಾಯಿತು, ಕಪ್ಪು ಹಿಂದಕ್ಕೂ ಹೋಯಿತು.

ಮಾತಾಡುವ ಫೋನು ಬಿಟ್ಟು ಮೂಕ ಡಬ್ಬಿ ಯಾಕೆ ಎಂದು ಮಕ್ಸೂದ ರುಕ್ಮಿಣಿಬಾಯಿಯನ್ನು ಕೇಳಿದ. ಆಕೆ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಒಮ್ಮೆ ತೆರೆದು ಮುಚ್ಚಿದಳು.

"ಅವತ್ತ ಎಲ್ಲಾರೂ ನಕ್ಕರು ಅಂತ ಇವರು ಊರೆಲ್ಲಾ ಹೇಳ್ಕೊಂಡು ತಿರಗ್ತಾರ್ರಿ. ನಾನೂ ನಕ್ಕಿದ್ದೆ. ಅದು ಇವರಿಗಿ ಗೊತ್ತಿಲ್ಲ. ಸೆರಗು ಬಾಯಿಗಿ ಇಟ್ಕೊಂಡು ನಕ್ಕಿದ್ದೆ."

ಹಾವಗೆಪ್ಪ ದಪ್ಪ ಫೋನನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟ.

ಆಗ ಚಾಂದ ಪಾಶಾ ಎರಡನ್ನೂ ಟವೆಲ್ಲಿಗೆ ಸುತ್ತತೊಡಗಿದ. ತಾನು ತಿಳಿಯದೆ ತಂದದ್ದು, ಮರಳಿ ಒಯ್ಯುವುದಕ್ಕೆ ಇಟ್ಟದ್ದು, ಮಾರಾಟಕ್ಕಲ್ಲ ಎಂದ. ನಮ್ಮ ದೇಶದಲ್ಲಿ ಸರ್ಕಾರದ ಪರವಾನಗಿ ಇಲ್ಲದೆ ಇಂಥದನ್ನು ಇಟ್ಟುಕೊಳ್ಳುವಂತಿಲ್ಲವಂತೆ.

"ಗುಂಡಿ ಒತ್ತಿದ್ರ ನಿಮ್ಮ ಮನಿಯವರಿಗಿಂತ ಮೊದಲ ಪೊಲೀಸರು ಬರ್ತಾರ ಕಾಕಾ."

ಅವರಾದರೂ ಬರುತ್ತಾರಲ್ಲ ಎಂದು ಹಾವಗೆಪ್ಪನಿಗೆ ಒಂದು ಕ್ಷಣ ಅನ್ನಿಸಿತು.

ಪರವಾನಗಿ ತಾನೇ, ತೆಗೆದುಕೊಂಡೇ ಹೋಗೋಣ ಎಂದು ಅವನು ಹೆಂಡತಿಯೊಡನೆ ಬಿಸಿಲಿನಲ್ಲಿ ಕಾಲೆಳೆಯುತ್ತ ಸರ್ಕಾರಿ ಕಚೇರಿಗೆ ನಡೆದ. ಅಲ್ಲಿನ ಗುಮಾಸ್ತ ಸಮಾಧಾನದ ಮನುಷ್ಯ. ಸ್ಯಾಟಲೈಟಿನ ಮೂಲಕ ಯಾರೊಡನೆ ಮಾತಾಡಬೇಕು ಎಂದು ವಿಚಾರಿಸಿದ. ಹೆಂಡತಿಯೊಡನೆ ಎಂದ ಹಾವಗೆಪ್ಪ. ಆಕೆ ಯಾವ ದೇಶದಲ್ಲಿದ್ದಾಳೆ ಎಂದು ಕೇಳಿದ. ಇಲ್ಲೇ, ಮಗ್ಗಲಿಗೆ ನಿಂತಿದ್ದಾಳೆ ಎಂದ ಹಾವಗೆಪ್ಪ. ಗುಮಾಸ್ತ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದ. ಇಂಥ ಅಪ್ಪಣೆ ಕೊಡುವವರು ದಿಲ್ಲಿಯಲ್ಲಿದ್ದಾರೆ, ಅಲ್ಲಿಂದ ಅಪ್ಪಣೆ ಬರುವಷ್ಟರಲ್ಲಿ ನಿಮ್ಮೂರಲ್ಲೇ ಹುಲ್ಲು ಬಂದಿರುತ್ತದೆ ಎಂದು ಬಹಳ ಮರ್ಯಾದೆಯಿಂದ ಹೇಳಿ, ಕುಡಿಯಲು ನೀರು ಕೊಡಿಸಿದ.

ಔರಾದಿಗೆ ಹೋಗುವ ಬಸ್ಸಿನಲ್ಲಿ ಹಾವಗೆಪ್ಪ ಮೊದಲ ಬಾರಿಗೆ ಯಾರಿಗೂ ಏನೂ ಹೇಳದೆ ಕೂತ. ಕಂಡಕ್ಟರ್ ಮಚ್ಛೇಂದ್ರ ಟಿಕೆಟ್ ಹರಿಯುತ್ತ ಬಂದು, ಏನು ಕಾಕಾ, ಮೈಯಲ್ಲಿ ಆರಾಮಿಲ್ಲವೇ ಎಂದು ಕೇಳಿದ. ಮಚ್ಛೇಂದ್ರ ಔರಾದಿನವನೇ. ಅಲ್ಲಿಂದ ಮುಂದೆ ಗಡಿಯಾಚೆಯ ಕಡೆಯ ಸ್ಟಾಪಿನ ತನಕವೂ ಅವನದೇ ಡ್ಯೂಟಿ. ಅವನ ಸೀಟಿನ ಮೇಲಿನ ಸರಳಿಗೆ ಬುತ್ತಿಗಳು ಸಾಲಾಗಿ ಜೋತಾಡುತ್ತಿದ್ದವು. ಇಟ್ಟಿಗೆ ಭಟ್ಟಿಗೆ ಹೋದವರಿಗೆ, ರಸ್ತೆ ಕೆಲಸಕ್ಕೆ ಹೋದವರಿಗೆ ಅವರ ಮನೆಯವರು ಕಟ್ಟಿ ಕೊಟ್ಟ ಖಡಕ್ ರೊಟ್ಟಿ, ಅಗಸೆ ಹಿಂಡಿ. ಯಾರದು ಯಾವುದು ಎಂದು ಮಚ್ಛೇಂದ್ರ ಬುತ್ತಿ ಕಟ್ಟಿದ ಅರಿವೆಯ ಬಣ್ಣದಿಂದಲೇ ಹೇಳುತ್ತಿದ್ದ. ಹಾವಗೆಪ್ಪನ ಬುತ್ತಿಯೂ ವಾರಕ್ಕೊಮ್ಮೆ ಹೀಗೆಯೇ ಹೋಗುತ್ತಿತ್ತು. ಕಡೆಯ ಸ್ಟಾಪಿನ ಅಕ್ತರಬೀಯ ಚಹಾದಂಗಡಿಯಲ್ಲಿ ಮಚ್ಛೇಂದ್ರ ಅದನ್ನು ಇಡುವುದು, ಹಾವಗೆಪ್ಪ ಗುಡ್ಡ ಇಳಿದು ಬಂದು ಒಯ್ಯುವುದು, ಹಿಂದಿನ ವಾರದ ಖಾಲಿ ಅರಿವೆ ಅದೇ ಬಸ್ಸಿಗೆ ಮರಳುವುದು.

ರುಕ್ಮಿಣಿಬಾಯಿ ಜೋತಾಡುವ ಬುತ್ತಿಗಳನ್ನು ಸಂತಪೂರದ ತನಕ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಆ ಡಬ್ಬ್ಯಾಗ ಮೂರ ಮಾತ ಇದ್ದವಲ್ಲ. ನಮ್ಮ ಅರಿಬಿಗೂ ಮೂರು ಸಾಕು," ಎಂದಳು. ಖಾಲಿ ಅರಿವೆ ಬಂದರೆ ಆರಾಮ. ಮೂಲೆಗೆ ಒಂದು ಗಂಟಿದ್ದರೆ ಮುಂದಿನ ಗುಡ್ಡಕ್ಕೆ ಹೊರಟದ್ದು. ಅರಿವೆಯೇ ಬರದಿದ್ದರಂತೂ ಕೇಳುವುದೇ ಬೇಡ, ತಾನು ಬಸ್ಸು ಹತ್ತುತ್ತೇನೆ ಎಂದಳು. ಬನ್ನಿ ಎನ್ನುವ ಮೂರನೆಯ ಮಾತಿಗೆ ಏನು ಕಟ್ಟುವುದು ಎಂದು ಹಾವಗೆಪ್ಪ ಕೇಳಿದ.

ರುಕ್ಮಿಣಿಬಾಯಿ ಅವನ ಹೆಗಲ ಮೇಲಿನ ಕಂಬಳಿಗೆ ಕೈ ಹಾಕಿದಳು. "ಇದರ ಎಳಿ."

ಹಾವಗೆಪ್ಪ ಕಂಬಳಿಯನ್ನು ಸರಕ್ಕನೆ ಎಳೆದುಕೊಂಡ. ಅವನ ಅಪ್ಪ ನೇಯಿಸಿದ ಕಂಬಳಿ ಅದು. ತೂತು ಬಿದ್ದರೂ ಅದರ ಎಳೆಯನ್ನು ಯಾರೂ ಕೈಯಾರೆ ಕೀಳುವುದಿಲ್ಲ. ಕಿತ್ತರೆ ಹಿಂಡು ಬಿಚ್ಚಿಹೋಗುತ್ತದೆ ಎಂಬ ನಂಬಿಕೆ. ಆಣೆ ಇಟ್ಟು ಇಟ್ಟು ಅವನು ಕಂಬಳಿಗೆ ಹೆದರುವುದನ್ನೇ ಬಿಟ್ಟಿದ್ದ. ಎಳೆಗೆ ಮಾತ್ರ ಇನ್ನೂ ಹೆದರುತ್ತಿದ್ದ. ಅದು ಆಕೆಗೆ ಗೊತ್ತಿತ್ತು.

"ಕಂಬಳಿ ಮುಟ್ಟಿ ನೀವು ಏನ್ ಬೇಕಾದ್ದು ಹೇಳ್ರಿ, ಕರಡಿ ಕೂಡ ಬೀಗತನ ಮಾಡ್ರಿ. ನಾ ಕೇಳ್ತೇನಿ, ನಗ್ತೇನಿ. ಎಳಿ ಬಂತಂದ್ರ ಕೇಳೋದಿಲ್ಲ, ಬರ್ತೇನಿ."

ಔರಾದು ಬರುವ ತನಕ ಹಾವಗೆಪ್ಪ ಕಂಬಳಿಯ ಅಂಚನ್ನು ಬೆರಳಿನಿಂದ ತೀಡುತ್ತ ಕೂತಿದ್ದ. ಇಳಿಯುವಾಗ, ಆಯ್ತು ಎಂದ. ಆಣೆ ಇಡಲಿಲ್ಲ.

ಅಮಾವಾಸ್ಯೆಯ ದಿನ ಮಹಮ್ಮದ ಇಸ್ಮಾಯಿಲ ಭಾಲ್ಕಿಯಿಂದ ಗಾಡಿ ತಂದು, ಚಹಾ ಕುಡಿದು, ಖಾಲಿ ಗಾಡಿ ಹೊಡೆದುಕೊಂಡು ಹೋದ. ಎರಡು ದಿನ ಬಿಟ್ಟು ಹಿಂಡು ಧೂಳೆಬ್ಬಿಸುತ್ತ ಗಡಿಯ ದಾರಿ ಹಿಡಿಯಿತು.

ಆಮೇಲೆ ವಾರಕ್ಕೊಮ್ಮೆ ರುಕ್ಮಿಣಿಬಾಯಿ ಹೊಸ ಬುತ್ತಿ ಹಿಡಿದು ಔರಾದಿನ ಬಸ್‌ಸ್ಟ್ಯಾಂಡಿಗೆ ಬರುತ್ತಿದ್ದಳು. ಮಚ್ಛೇಂದ್ರ ಖಾಲಿ ಅರಿವೆಯನ್ನೂ ಅದರ ಜೊತೆಗೆ ಹಾವಗೆಪ್ಪ ಹೇಳಿ ಕಳಿಸಿದ ಸುದ್ದಿಯನ್ನೂ ತಲುಪಿಸುತ್ತಿದ್ದ. ಅರಿವೆ ಸುಮ್ಮನಿರುತ್ತಿತ್ತು, ಸುದ್ದಿ ಸುಮ್ಮನಿರುತ್ತಿರಲಿಲ್ಲ. ಒಂದು ವಾರ ಸುದ್ದಿಯಲ್ಲಿ ಕೆರೆಯೊಂದು ನೆರಳು ಹುಡುಕಿಕೊಂಡು ಗುಡ್ಡ ಹತ್ತಿತು, ಅರಿವೆ ಖಾಲಿ. ಇನ್ನೊಂದು ವಾರ ಚಿರತೆ ಹಿಂಡಿಗೆ ಬಂದು, ಬರದಲ್ಲಿ ಕುರಿಗಳು ತನಗಿಂತ ಬಡಕಲಾಗಿದ್ದು ಕಂಡು, ಒಂದು ಮೊಲ ಬಿಟ್ಟು ಹೋಯಿತು; ಅರಿವೆಯ ಮೂಲೆಗೆ ಒಂದು ಗಂಟು. ರುಕ್ಮಿಣಿಬಾಯಿ ಮೊದಲು ಅರಿವೆ ಬಿಡಿಸಿ ನೋಡುತ್ತಿದ್ದಳು. ಆಮೇಲೆ ಕಟ್ಟೆಯ ಮೇಲೆ ಕೂತು, ಮಚ್ಛೇಂದ್ರ ಹೇಳಿದ್ದನ್ನು ಪೂರ್ತಿ ಕೇಳಿ, ಸೆರಗು ಅಡ್ಡ ಹಿಡಿಯದೆ ನಗುತ್ತಿದ್ದಳು.

ಯುಗಾದಿ ಕಳೆದ ಒಂದು ಮಧ್ಯಾಹ್ನ ಮಚ್ಛೇಂದ್ರ ಬಸ್ಸಿನಿಂದ ನಗುತ್ತಲೇ ಇಳಿದ. ಮತ್ತೆ ಗಡಿಯ ಕಡೆ ಹೊರಡುವ ಮುಂಚೆ ಡ್ರೈವರ್ ಚಹಾಕ್ಕೆಂದು ಹೋಟೆಲಿನ ಕಡೆ ನಡೆದ. ಈ ಸಲ ಕಾಕಾ ತಾನೇ ಇಳಿದು ಬರಲಿಲ್ಲ, ಕಟ್ಟಿಗೆಯ ಹೆಂಗಸರ ಕೈಯಲ್ಲಿ ಅಕ್ತರಬೀಗೆ ಕಥೆ ಮುಟ್ಟಿಸಿದ್ದಾನೆ, ಅಕ್ತರಬೀ ಹೇಳುವಾಗ ಎರಡು ಸಲ ಚಹಾ ಉಕ್ಕಿಸಿದಳು ಎಂದು ಮುನ್ನುಡಿ ಹಾಕಿ, ಮಡಿಚಿದ ಅರಿವೆಯನ್ನು ಅವಳ ಕೈಗಿತ್ತ.

"ಕೇಳ್ರಿ ಕಾಕೂ. ಆ ಅಡವ್ಯಾಗ ಇದ್ದು ಇದ್ದು ಕಾಕಾನ ಕುರಿ ಎಲ್ಲಾ ತೆಲುಗು ಕಲ್ತಾವಂತ. ಈಗ ಕಾಕಾ ಕನ್ನಡದಾಗ ಹಚಾ ಅಂದ್ರ ಒಂದೂ ಏಳೋದಿಲ್ಲಂತ. ಅದಕ್ಕ ಕಾಕಾ ಒಂದು ಟಗರಿಗಿ ದುಭಾಷಿ ನೌಕರಿ ಕೊಟ್ಟಾನಂತ, ಪಗಾರ ಹುರಳಿ..."

ರುಕ್ಮಿಣಿಬಾಯಿ ಅರಿವೆಯ ಮಡಿಕೆ ಬಿಡಿಸುತ್ತಿದ್ದಳು. ರೊಟ್ಟಿಯ ಪುಡಿ ಉದುರಿತು. ಮೂಲೆಯಲ್ಲಿ, ಎರಡು ಸುತ್ತು ಸುತ್ತಿ ಬಿಗಿದ ಒಂದು ಕರಿ ಉಣ್ಣೆಯ ಎಳೆ.

"...ಆದ್ರ ಮೊನ್ನಿ ಆ ಟಗರು ಬಂದು ಪಗಾರ ಸಾಲೋದಿಲ್ಲ ಅಂತಂತ. ಹಂಗಿದ್ರ ನೀ ಮನಿಗಿ ಹೋಗು ಅಂದ್ನಂತ ಕಾಕಾ. ಅವಾಗ ಟಗರು ಏನಂತು ಗೊತ್ತೇನ್ರಿ ಕಾಕೂ? ತೆಲುಗಿನಾಗ ಅಲ್ಲ ಮತ್ತ, ಚಂದಾಗಿ ಕನ್ನಡದಾಗ..."

ಅವಳು ಅವನನ್ನು ದಾಟಿ ಹೋಗಿದ್ದಳು. ಖಾಲಿ ಬಸ್ಸಿನ ಮೆಟ್ಟಿಲು ಹತ್ತಿ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂತು, ಸರಳಿಗೆ ತೂಗುಹಾಕಬೇಕಾಗಿದ್ದ ಈ ವಾರದ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.