ಗಿಡ್ಡಿ ತಟ್ಟಿದ ರೊಟ್ಟಿ

“ಥೂ, ಆ ಪ್ಲಾಸ್ಟಿಕ್ ಚಪ್ಪಲಿ ಬಿಚ್ಚೇ ದರಿದ್ರದೋಳೇ. ಚಪ್ಪಲಿ ಮೆಟ್ಕೊಂಡು ಒಲೆ ಮುಂದೆ ಕೂತ್ರೆ ನಿನ್ನನ್ನ ಹಳ್ಳಿ ಹೆಂಗಸು ಅಂತ ಯಾವನು ನಂಬ್ತಾನೆ?”

ದೊಡ್ಡಮನೆ ಅಮ್ಮಾವ್ರು ಬಾಯಿ ತೆರೆದರೆ ಹೀಗೇ. ಗಿಡ್ಡಿ ಚಪ್ಪಲಿ ಬಿಚ್ಚಿ ಸೌದೆ ರಾಶಿಯ ಹಿಂದೆ ಎಸೆದಳು. ಅಂಗಳದ ಕಲ್ಲು ಆಗಲೇ ಕಾದಿತ್ತು. ಅಮ್ಮಾವ್ರು ಬೀಸಣಿಗೆಯ ಹಿಡಿಯಿಂದ ಅವಳ ಮುಂಗೈ ಎತ್ತಿ ನೋಡಿದರು.

“ಬಳೆ ಎಲ್ಲಿ?”

“ಬಿದಿರು ಸೀಳೋವಾಗ ಸಿಕ್ಕಾಕ್ಕೊಳ್ತವೆ ಅಮ್ಮಾ. ರೊಟ್ಟಿ ತಟ್ಟೋವಾಗ್ಲೂ ಅಷ್ಟೆ, ಒಡೆದ್ರೆ...”

“ನಿನ್ನ ಪುರಾಣ ಯಾರಿಗೆ ಬೇಕು? ಫೋಟೋದಲ್ಲಿ ಬೋಳು ಕೈ ಕಾಣಬಾರದು. ಕೈತುಂಬ ಹಾಕ್ಕೊಂಡು ಕೂತ್ಕೋ.”

ಮನೆಯಾಳು ಗಾಜಿನ ಬಳೆಗಳನ್ನು ನೆಲಕ್ಕೆ ಇಟ್ಟು ಹಿಂದೆ ಸರಿದ. ಗಿಡ್ಡಿ ಎತ್ತಿಕೊಂಡು ಹಾಕಿಕೊಂಡಳು. ಅವಳಿಗೆ ಬೇರೆ ಹೆಸರು ಇದ್ದೇ ಇತ್ತು, ಆದರೆ ಮದುವೆಯಾಗಿ ಈ ಊರಿಗೆ ಬಂದ ದಿನ ಯಾರೋ ಗಿಡ್ಡಿ ಅಂದರು, ಅದೇ ಉಳಿಯಿತು.

ದುಡ್ಡು ಕೊಟ್ಟು ಹಳ್ಳಿ ಊಟಕ್ಕೆ ಬರುವ ಪಟ್ಟಣದವರಿಗಾಗಿ ದೊಡ್ಡಮನೆಯವರು ಹೆದ್ದಾರಿಯ ತಿರುವಿನಲ್ಲಿ ಒಂದು ದೊಡ್ಡ ಫಲಕ ನೆಟ್ಟಿದ್ದರು. ಹಳ್ಳಿ ಹೆಣ್ಣುಮಕ್ಕಳ ಕೈಕಸುಬು, ಕೈಯಡುಗೆ, ಅವರ ಬದುಕಿಗೆ ನಿಮ್ಮ ಆಸರೆ ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲಿ ಬುಟ್ಟಿ ಹಿಡಿದು ನಗುವ ಗಿಡ್ಡಿಯ ಮುಖವೂ ಇತ್ತು. ಫಲಕ ಬಂದ ಮೇಲೆ ಗಿಡ್ಡಿಯಿದ್ದ ಕೆಳಗೇರಿಯ ಜನ ಒಂದು ಹೊಸ ಪಾಠ ಕಲಿತರು: ಬಡತನ ಇದ್ದರೆ ಸಾಲದು, ಅದು ನೋಡೋಕೆ ಚೆನ್ನಾಗಿರಬೇಕು. ಕಷ್ಟಪಟ್ಟು ಹೊದಿಸಿಕೊಂಡ ತಗಡುಗಳನ್ನು ದೊಡ್ಡಮನೆ ಯಜಮಾನರ ಆಳುಗಳು ಕಿತ್ತು, ಮತ್ತೆ ಹುಲ್ಲು ಹೊದಿಸಿ ಹೋದರು. ಗ್ಯಾಸಿನ ಒಲೆಗಳು ಗೋಣಿಚೀಲ ಸೇರಿ ಅಟ್ಟ ಹತ್ತಿದವು. ಹುಲ್ಲಿನ ಸೂರು ಸೋರುತ್ತಿತ್ತು, ಸೌದೆ ಹೊಗೆಗೆ ಗಿಡ್ಡಿಯ ಅತ್ತೆಯ ಕೆಮ್ಮು ಹೆಚ್ಚಾಯಿತು. ಗುಡಿಸಲು ನಿಂತ ನೆಲ ದೊಡ್ಡಮನೆಯದು. ಹಾಗಾಗಿ ಯಾರೂ ಕಮಕ್ ಕಿಮಕ್ ಅನ್ನಲಿಲ್ಲ.

ಆದರೂ ಗಿಡ್ಡಿ ಬೆಳಿಗ್ಗೆ ಎದ್ದು ಖುಷಿಯಿಂದಲೇ ಈ ಅಂಗಳಕ್ಕೆ ಬರುತ್ತಿದ್ದಳು. ಅದಕ್ಕೊಂದು ಕಾರಣವಿತ್ತು. ಕೆಳಗೇರಿಯವರು ಹೆಣೆದ ಬುಟ್ಟಿಯನ್ನು ದೊಡ್ಡಮನೆಯವರು ನೀರು ಸುರಿದು ಒಳಗೆ ತೆಗೆದುಕೊಳ್ಳುತ್ತಿದ್ದರು, ಆದರೆ ಅದೇ ಕೈಯಿಂದ ಒಂದು ಲೋಟ ನೀರು ಕುಡಿದವರಿಲ್ಲ. ಅತ್ತೆ ಆ ಮನೆಯ ಹಿತ್ತಲಲ್ಲೇ ಸವೆದವಳು. ಅವಳ ಕೈಯ ಒಂದು ಅಗುಳನ್ನೂ ಅಲ್ಲಿ ಯಾರೂ ಬಾಯಿಗಿಟ್ಟಿರಲಿಲ್ಲ. ಈಗ ಕಾರಿನಲ್ಲಿ ಬಂದವರು, ಸೆಂಟು ಪೂಸಿಕೊಂಡವರು, ಗಿಡ್ಡಿ ತಟ್ಟಿದ ರೊಟ್ಟಿ ತಿನ್ನುತ್ತಿದ್ದರು. ಮನೆಯಾಳು ಬುಟ್ಟಿ ತುಂಬ ರೊಟ್ಟಿಯನ್ನು ಹಿತ್ತಲಿನ ಬಿದಿರು ತಟ್ಟಿಯ ಮರೆಗೆ ಒಯ್ಯುತ್ತಿದ್ದ. ಬುಟ್ಟಿ ಖಾಲಿಯಾಗಿ ವಾಪಸ್ ಬರುತ್ತಿತ್ತು.

“ಇವತ್ತೂ ತಿಂದ್ರೇನೇ?” ಎಂದು ಅತ್ತೆ ಸಂಜೆ ಕೇಳುವುದು ವಾಡಿಕೆ.

“ಒಂದೂ ಉಳೀಲಿಲ್ಲ ಅತ್ತೆ.”

“ನೋಡಿದ್ಯಾ,” ಎಂದು ಅತ್ತೆ ಗೋಡೆಗೆ ಒರಗಿ ತನ್ನಷ್ಟಕ್ಕೆ ನಗುತ್ತಿದ್ದಳು. ಆ ನಗುವಿಗಾಗಿ ಗಿಡ್ಡಿ ಎಷ್ಟು ಬೈಗುಳ ಬೇಕಾದರೂ ನುಂಗಿಕೊಳ್ಳುತ್ತಿದ್ದಳು.

ಅವತ್ತು ಬಂದ ಅತಿಥಿಗಳಲ್ಲಿ ಒಬ್ಬ ಹೆಂಗಸಿನ ಸೊಂಟದ ಮೇಲೆ ಹಲ್ಲು ಮೂಡುತ್ತಿದ್ದ ಕೂಸಿತ್ತು. ಆಕೆ ಒಲೆಯ ಮುಂದೆ ಬಂದು, “ಎಷ್ಟು ಸಹಜವಾಗಿದೆ ನೋಡಿ” ಎಂದು ಗಂಡನಿಗೆ ಹೇಳಿ ಫೋಟೋ ತೆಗೆದಳು. ಕೂಸು ಹಿಟ್ಟಿನ ಉಂಡೆಗೆ ಕೈ ಚಾಚಿತು. ಗಿಡ್ಡಿ ಒಂದು ಚಿಟಿಕೆ ಹಿಟ್ಟು ಮುರಿದು ಕೊಡಹೋದಳು, ಆಕೆ ನಗುನಗುತ್ತಲೇ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು. ಬೆಂಕಿ ಹತ್ತಿರವಿದೆ ಅಂತ ಹೆದರಿರಬೇಕು ಎಂದುಕೊಂಡಳು ಗಿಡ್ಡಿ.

ರೊಟ್ಟಿ ತಟ್ಟುವಾಗಲೇ ಒಂದು ಬಳೆ ಚಟ್ ಅಂತು. ಹೊಗೆಗೆ ಕಣ್ಣು ಉರಿಯುತ್ತಿತ್ತು, ಮುಂದೆ ಜನ ನಿಂತಿದ್ದರು, ನಿಲ್ಲಿಸುವ ಹಾಗಿರಲಿಲ್ಲ. ಜನ ಊಟದ ಪಡಸಾಲೆಗೆ ಹೋದರು, ಮನೆಯಾಳು ರೊಟ್ಟಿ ಬುಟ್ಟಿ ಎತ್ತಿಕೊಂಡು ನಡೆದ. ಆಮೇಲೆ ಗಿಡ್ಡಿ ಹಿಟ್ಟು ಕೆದಕಿ ಚೂರುಗಳನ್ನು ಆರಿಸಿ ನೆಲದ ಮೇಲೆ ಜೋಡಿಸಿದಳು. ಬಳೆ ದುಂಡಗೆ ಕೂಡಲಿಲ್ಲ. ಉಗುರಿನಷ್ಟು ಕಡಿಮೆ ಬಿತ್ತು. ಮಣೆಯ ಕೆಳಗೆ ನೋಡಿದಳು, ಸೆರಗು ಕೊಡವಿದಳು. ಎಲ್ಲೂ ಇರಲಿಲ್ಲ.

“ರೊಟ್ಟಿಯೊಳಗೆ ಹೋಗಿದೆ ಕಣೇ,” ಅಂದಳು ಪಕ್ಕದಲ್ಲಿ ಬುಟ್ಟಿ ಹೆಣೆಯುತ್ತಿದ್ದ ವಾರಗಿತ್ತಿಗೆ.

ವಾರಗಿತ್ತಿ ತಲೆ ಎತ್ತದೆ, “ಹೋದ್ರೆ ಹೋಗ್ಲಿ. ಬಾಯಿ ಮುಚ್ಕೊಂಡಿರು,” ಅಂದಳು.

“ಆ ಕೂಸಿನ ಗಂಟಲಿಗೆ ಸಿಕ್ಕಿದ್ರೆ?”

“ಸಿಕ್ಕಿದ್ರೆ ಅದರ ಹಣೆಬರಹ. ಹೋಗಿ ಹೇಳಿದ್ರೆ ನಿನ್ನ ಹಣೆಬರಹ. ಗುಡಿಸಲು ಕಿತ್ತಾಕ್ತಾರೆ ಮುಂಡೇಮಕ್ಳು. ಕೆಮ್ಮೋ ಮುದುಕೀನ ಎಲ್ಲಿ ಹೊತ್ಕೊಂಡು ಹೋಗ್ತೀಯ?”

ಅದು ನಿಜವೇ. ಗಿಡ್ಡಿ ಕೂತಳು. ಕೂಸಿನ ಒಸಡಿನಲ್ಲಿ ಕಂಡ ಎರಡು ಬಿಳಿ ಚುಕ್ಕೆ ನೆನಪಾದವು. ಎದ್ದು ಓಡಿದಳು.

ತಟ್ಟಿಯ ಆಚೆಗೆ ಕೆಳಗೇರಿಯವರು ಕಾಲಿಡಬಾರದು ಎಂಬುದು ಕಟ್ಟಳೆ. ಗಿಡ್ಡಿ ತಟ್ಟಿ ತಳ್ಳಿಕೊಂಡು ಹಿತ್ತಲಿಗೆ ನುಗ್ಗಿದಾಗ ಅಮ್ಮಾವ್ರು ಒಳಗಿನ ಅಡುಗೆಯವನಿಗೆ ಏನೋ ಹೇಳುತ್ತಿದ್ದರು.

“ಅಮ್ಮಾ, ಬಡಿಸಬೇಡಿ. ಬಳೆ ಒಡೀತು. ರೊಟ್ಟಿಯೊಳಗೆ ಚೂರು ಹೋಗಿದೆ. ತಪ್ಪಾಯ್ತು, ಆ ಕೂಸಿಗೆ ಕೊಡಬೇಡಿ.”

ಅಮ್ಮಾವ್ರು ಅಡುಗೆಯವನ ಮುಖ ನೋಡಿದರು. ಅವನು ಸೌಟು ಹಿಡಿದೇ ನಗತೊಡಗಿದ. ಅಮ್ಮಾವ್ರೂ ನಕ್ಕರು.

“ನೀನು ತಟ್ಟಿದ್ದನ್ನ ಅವರ ತಟ್ಟೆಗೆ ಹಾಕ್ತೀವಿ ಅಂದ್ಕೊಂಡಿದ್ಯಾ ಇಷ್ಟು ದಿನ? ಅಯ್ಯೋ ಹುಚ್ಚುಮುಂಡೆ. ಮಾಡಿದ್ದು ಯಾರು ಅಂತ ಬಂದೋರು ಬಾಯಲ್ಲಿ ಕೇಳಲ್ಲ, ಕಣ್ಣಲ್ಲಿ ಕೇಳ್ತಾರೆ. ನಾನೂ ಕಣ್ಣಲ್ಲೇ ಹೇಳ್ತೀನಿ. ನೀವೆಲ್ಲ ಫೋಟೋಗೆ ಕಣೇ.”

ಒಳಗಿನ ಒಲೆಯ ಪಕ್ಕ ಬಟ್ಟೆ ಹಾಸಿ ಜೋಡಿಸಿಟ್ಟ ರೊಟ್ಟಿಗಳು ಗಿಡ್ಡಿಗೆ ಕಂಡವು. ತೆಳ್ಳಗೆ, ಬೆಳ್ಳಗೆ, ಎಲ್ಲ ಒಂದೇ ಅಳತೆ. ಅವು ಅವಳವಲ್ಲ.

“ಮತ್ತೆ ನನ್ನವು?”

ಅಡುಗೆಯವನು ನಾಯಿಮನೆಯ ಕಡೆಗೆ ಗದ್ದ ಎತ್ತಿ ತೋರಿಸಿದ. ಆಗ ಅಮ್ಮಾವ್ರ ನಗು ನಿಂತಿತು.

“ಅಯ್ಯೋ, ನಾಯಿ,” ಅಂದರು.

ಯಜಮಾನರು ಎಲ್ಲಿದ್ದರೋ, ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ವಿಷಯ ಗೊತ್ತಾದದ್ದೇ ಗಿಡ್ಡಿಯ ಸೊಂಟಕ್ಕೆ ಒದ್ದರು. ಅವಳು ನಾಯಿಯ ಬೋಗುಣಿಯ ಮುಂದೆ ಬಿದ್ದಳು. ಯಜಮಾನರ ಮುದ್ದಿನ ಬಿಳಿ ನಾಯಿ ತಿನ್ನುತ್ತಿತ್ತು. ಬೋಗುಣಿಯಲ್ಲಿ ಅವಳ ರೊಟ್ಟಿಗಳು ಹಾಲಿನಲ್ಲಿ ನೆನೆಯುತ್ತಿದ್ದವು.

“ಕೈ ಹಾಕು. ಹುಡುಕು.”

“ಕಚ್ಚುತ್ತೆ ಯಜಮಾನ್ರೇ.”

“ಕಚ್ಚಲಿ ಸೂಳೆಮಗಳೇ. ಚೂರು ಸಿಗದಿದ್ರೆ ನಿನ್ನ ಹೊಟ್ಟೆ ಬಗೀತೀನಿ.”

ಅವಳು ಕೈ ಹಾಕಿದಳು. ನಾಯಿ ಗುರ್ರೆಂದು ಮುಂಗೈಗೆ ಬಾಯಿ ಹಾಕಿತು, ಉಳಿದ ಬಳೆಗಳು ಪುಡಿಯಾದವು. ಯಜಮಾನರು ನಾಯಿಯನ್ನು ಎಳೆದುಕೊಂಡು ಮಡಿಲಿಗೆ ಹಾಕಿಕೊಂಡರು. ಅದರ ಬಾಯಿ ಬಿಡಿಸಿ ಬೆರಳಿಂದ ಒಸಡು ಸವರುತ್ತಾ, “ಏನಾಯ್ತು ಕಂದಾ, ನೋವಾಯ್ತಾ ನನ್ನಪ್ಪಾ,” ಅಂದರು. ಆ ಗಂಟಲಿಗೆ ಇಂಥ ದನಿಯೂ ಬರುತ್ತದೆ ಎಂದು ಗಿಡ್ಡಿಗೆ ಗೊತ್ತಿರಲಿಲ್ಲ. ಅವಳು ರೊಟ್ಟಿಗಳನ್ನು ಒಂದೊಂದಾಗಿ ಹಿಸುಕಿ ನೋಡಿದಳು. ತಳದ ರೊಟ್ಟಿಯಲ್ಲಿ ಉಗುರಿನಷ್ಟು ಹಸಿರು ಚೂರು ಸಿಕ್ಕಿತು. ಹೊಸದಾಗಿ ಒಡೆದ ಚೂರುಗಳನ್ನೂ ಆರಿಸಿ ತೆಗೆದಳು.

“ಬಚಾವಾದೆ,” ಅಂದರು ಯಜಮಾನರು, ನಾಯಿಗೋ ಅವಳಿಗೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಪಡಸಾಲೆಯಿಂದ ಮನೆಯಾಳು ಬಂದ. ರೊಟ್ಟಿ ಮಾಡಿದ ಹೆಣ್ಣುಮಗಳ ಜೊತೆ ಫೋಟೋ ಬೇಕಂತೆ ಅತಿಥಿಗಳಿಗೆ.

“ಸೆರಗು ಹೊದ್ಕೋ, ಕೈ ಮುಚ್ಕೋ, ನಗು,” ಅಂದರು ಅಮ್ಮಾವ್ರು. “ಒಂದು ಮಾತು ಹೆಚ್ಚುಕಮ್ಮಿ ಬಂದ್ರೆ ಸಂಜೆಯೊಳಗೆ ನಿಮ್ಮತ್ತೆ ರಸ್ತೇಲಿರ್ತಾಳೆ.” ಹೇಳಿ ಮುಂದೆ ನಡೆದರು.

ಗಿಡ್ಡಿ ಎದ್ದಳು. ಸಂಜೆ ಅತ್ತೆ ಕೇಳುತ್ತಾಳೆ, ಇವತ್ತೂ ತಿಂದ್ರೇನೇ ಅಂತ. ಏನು ಹೇಳುವುದು? ಅದನ್ನು ನೆನೆದದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಯಜಮಾನರು ಇನ್ನೂ ನಾಯಿಯ ಹೊಟ್ಟೆ ಸವರುತ್ತಿದ್ದರು. ಅವಳು ಬೋಗುಣಿ ಎತ್ತಿ ಸೆರಗಿನೊಳಗೆ ಹಿಡಿದು ಅಮ್ಮಾವ್ರ ಹಿಂದೆ ಹೊರಟಳು.

ಪಡಸಾಲೆಯಲ್ಲಿ ಚಪ್ಪಾಳೆ ತಟ್ಟಿದರು. ಕೂಸಿನ ತಾಯಿ, “ಇಷ್ಟು ರುಚಿಯಾದ ರೊಟ್ಟಿ ನಾನು ಜನ್ಮದಲ್ಲಿ ತಿಂದಿಲ್ಲ. ಏನಮ್ಮ ನಿನ್ನ ಕೈಗುಣ?” ಅಂದಳು.

ಗಿಡ್ಡಿ ಬೋಗುಣಿಯನ್ನು ತಂದು ಮೇಜಿನ ನಡುವೆ ಇಟ್ಟಳು.

“ನೀವು ತಿಂದಿದ್ದು ನನ್ನದಲ್ಲ ತಾಯಿ. ನನ್ನದು ಇದು. ನಾಯಿ ಸ್ವಲ್ಪ ತಿಂದಿದೆ, ಗಾಜು ಆರಿಸಿದ್ದೀನಿ.”

ಕೂಸಿನ ತಾಯಿ ಬೋಗುಣಿ ನೋಡಿದಳು, ಗಿಡ್ಡಿಯ ಮುಂಗೈಯಿಂದ ಮೇಜಿನ ಬಟ್ಟೆಗೆ ತೊಟ್ಟಿಕ್ಕುತ್ತಿದ್ದ ರಕ್ತ ನೋಡಿದಳು, ಆಮೇಲೆ ಅಮ್ಮಾವ್ರ ಮುಖಕ್ಕೆ ಕಣ್ಣೆತ್ತಿ ಕೇಳಿದಳು. ಅಮ್ಮಾವ್ರು ಒಳಗಿನ ಅಡುಗೆಯವನತ್ತ ನೋಟ ಹೊರಳಿಸಿ ಕಣ್ಣಲ್ಲೇ ಉತ್ತರ ಹೇಳಿದರು. ಆಕೆಯ ಬಿಗಿದ ಭುಜ ಸಡಿಲವಾಯಿತು. ಇದೆಲ್ಲ ಗಿಡ್ಡಿಯ ಎದುರಿಗೇ ನಡೆಯಿತು.

ಕೂಸಿಗೆ ಮಾತ್ರ ಏನೂ ತಿಳಿಯದು. ಅದು ಬೋಗುಣಿಯತ್ತ ಬಾಗಿ ಮೇಲಿನ ರೊಟ್ಟಿಗೆ ಕೈ ಹಾಕಿತು. ತಾಯಿ ಆ ಕೈಗೆ ಫಟಾರನೆ ಹೊಡೆದಳು. ಕೂಸು ಉಸಿರುಗಟ್ಟಿ ಅಳತೊಡಗಿತು.

ಗಿಡ್ಡಿ ಖಾಲಿಯಿದ್ದ ಒಂದು ಕುರ್ಚಿ ಎಳೆದು ಅವರ ನಡುವೆ ಕೂತಳು. ಭಯವಿತ್ತು. ಪಕ್ಕದಲ್ಲಿದ್ದವರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಹಿತ್ತಲ ಕಡೆಯಿಂದ ಯಜಮಾನರ ಮೆಟ್ಟಿನ ಸದ್ದು ಹತ್ತಿರವಾಗುತ್ತಿತ್ತು.

“ಏಳೇ,” ಅಂದರು ಅಮ್ಮಾವ್ರು, ಹಲ್ಲು ಕಚ್ಚಿ. “ಏಳೇ ಮೇಲೆ.”

ಗಿಡ್ಡಿ ತನ್ನ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

“ಊಟ ಮಾಡ್ತಿದ್ದೀನಿ,” ಅಂದಳು.